ತಮ್ಮನ ಬಾಯಿಗೆ ಕುಕ್ಕೆ

ನನ್ನ ತಮ್ಮನ ಎರಡೂ ಮಂಡಿಗಳು ಸವೆದಿದ್ದವು. ಹಾಸನದ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಆಪರೇಷನ್ ಮಾಡಿದರೆ ನಡೆಯುತ್ತಾರೆ, ಆದರೆ ಈ ತೂಕದಲ್ಲಿ ಮಾಡುವುದಿಲ್ಲ ಎಂದರು.

"ಮೊದ್ಲು ಇಳಿಸ್ಕೊಂಡು ಬನ್ನಿ ಯಜಮಾನ್ರೇ. ಸ್ವಲ್ಪ ಬಾಯಿ ಕಟ್ಟಿ."

ತಮ್ಮ ಮೇಜಿನ ಅಂಚು ಹಿಡಿದು ಏಳಲು ನೋಡಿದ, ಆಗಲಿಲ್ಲ. ನಾನು ಕೈ ಕೊಟ್ಟೆ. ಹೊರಗೆ ಬಂದ ಮೇಲೆ ಗೋಡೆಗೆ ಒರಗಿ ನಿಂತು ಹೇಳಿದ: "ಬಾಯಿ ಕಟ್ಟಾಕೆ ನಂದೇನು ಎತ್ತಿನ ಮೂತಿಯೇನಕ್ಕಾ, ಕುಕ್ಕೆ ಆಕಿ ಬುಡಾಕೆ?"

ಪೈರಿನ ಸಾಲುಗಳ ನಡುವೆ ಕುಂಟೆ ಹೊಡೆಯುವಾಗ ಎತ್ತುಗಳು ಪೈರಿಗೆ ಬಾಯಿ ಹಾಕದಂತೆ ಮೂತಿಗೆ ಕಟ್ಟುವ ಹಗ್ಗದ ಬಲೆಯೇ ಕುಕ್ಕೆ. ನಮ್ಮಪ್ಪ ಅದನ್ನು ತಾವೇ ಹೆಣೆಯುತ್ತಿದ್ದರು. ತಮ್ಮನ ಮಾತನ್ನು ನಾನು ತಮಾಷೆಯೆಂದು ತಿಳಿದೆ. ತಮಾಷೆಗೆ ಪುರುಸೊತ್ತಿರಲಿಲ್ಲ. ಅವನಿಗೆ ಯಾವ ಹೊತ್ತಿಗೆ ಏನು ಕೊಡಬೇಕು ಎಂದು ಆಗಲೇ ಲೆಕ್ಕ ಹಾಕತೊಡಗಿದ್ದೆ.

ನಾನು ನರ್ಸ್ ಆಗಿದ್ದವಳು. ಚಿಕ್ಕ ವಯಸ್ಸಿನಲ್ಲೇ ತರಬೇತಿಗೆ ಸೇರಿದೆ. ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಹಾಸಿಗೆಯ ಮೂಲೆಯನ್ನು ಸರಿಯಾಗಿ ಮಡಚದಿದ್ದರೆ ಮೇಟ್ರನ್ ಇಡೀ ಹೊದಿಕೆಯನ್ನೇ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಅದರಿಂದ ನನಗೆ ಕೆಡುಕಾಗಲಿಲ್ಲ. ಹೊಳೆನರಸೀಪುರ, ಅರಕಲಗೂಡು, ಕೊನೆಗೆ ಹಾಸನದಲ್ಲಿ ಕೆಲಸ ಮಾಡಿ ನಿವೃತ್ತಳಾದ ಮೇಲೂ ಅದೇ ಹೊತ್ತಿಗೆ ಏಳುತ್ತೇನೆ, ಅಳತೆಯಲ್ಲೇ ಉಣ್ಣುತ್ತೇನೆ. ಹಾಗಾಗಿ ಮೈ ಬೆಳೆಸಿಕೊಂಡವರ ಬಗ್ಗೆ ನನ್ನ ಅಭಿಪ್ರಾಯ ಸರಳವಾಗಿತ್ತು: ಮನಸ್ಸು ಗಟ್ಟಿಯಿಲ್ಲ.

ಈ ಅಭಿಪ್ರಾಯಕ್ಕೆ ಅಡ್ಡ ನಿಂತಿದ್ದದ್ದು ಬೀಡಿ. ತಮ್ಮನದು ರಾಮನಾಥಪುರದ ಹತ್ತಿರದ ಹಳ್ಳಿಯಲ್ಲಿ ಹೊಗೆಸೊಪ್ಪಿನ ಬೇಸಾಯ. ಪ್ರಾಯದಲ್ಲಿ ಅವನ ಕೈಯಲ್ಲಿ ಬೀಡಿ ಆರಿದ್ದನ್ನು ಕಂಡವರಿಲ್ಲ. ಮಗ ಹುಟ್ಟಿದಾಗ ಮುದ್ದಿಸಲು ಬಗ್ಗಿದ. ಕೂಸು ಸೀನಿ ಮುಖ ತಿರುಗಿಸಿತು. ಸುಮ್ಮನೆ ಎದ್ದುಹೋಗಿ, ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಬೀಡಿಕಟ್ಟನ್ನು ಎಸೆದು ಬಂದ. ಸುತ್ತಲೂ ಹೊಗೆಸೊಪ್ಪು, ಉಟ್ಟ ಬಟ್ಟೆಯಲ್ಲೂ ಅದರದೇ ವಾಸನೆ, ಹರಾಜಿಗೆ ಹೋದರೆ ಎಡಕ್ಕೂ ಬಲಕ್ಕೂ ಸೇದುವವರು. ಮತ್ತೆ ಮುಟ್ಟಲಿಲ್ಲ. ಅಂಥವನ ಮನಸ್ಸು ಗಟ್ಟಿಯಿಲ್ಲ ಎನ್ನುವುದು ಹೇಗೆ? ನಾನು ಅದನ್ನು ಹೆಚ್ಚು ಯೋಚಿಸದೆ ಬದಿಗಿಟ್ಟಿದ್ದೆ.

ಬೇಸಾಯವನ್ನು ಮಗನಿಗೆ ವಹಿಸಿ ಗಂಡ ಹೆಂಡತಿ ಇಬ್ಬರೂ ಹಾಸನದ ನನ್ನ ಮನೆಗೆ ಬಂದು ನಿಂತರು. ನಾನು ಕಟ್ಟಳೆ ಹಾಕಿದೆ. ಬೆಳಿಗ್ಗೆ ಕುರ್ಚಿಯಲ್ಲಿ ಕೂತೇ ಕಾಲಿನ ವ್ಯಾಯಾಮ. ತಿಂಡಿ ಅಳತೆಯದು. ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಒಂದು ಮುದ್ದೆ, ಸೊಪ್ಪಿನ ಸಾರು. ಅನ್ನ, ಕುರುಕಲು ಇಲ್ಲ. ತಮ್ಮ ಎದುರು ಮಾತಾಡದೆ ಒಪ್ಪಿದ. ಮೊದಮೊದಲು ತೂಕ ಇಳಿಯಿತು. ಆಮೇಲೆ ನಿಂತಿತು, ಮತ್ತೆ ಏರತೊಡಗಿತು. ಡಬ್ಬಿಗಳನ್ನು ತೆಗೆದು ನೋಡಿದೆ. ಹೇಳಲು ಸಂಕೋಚ, ಅವನ ಅಂಗಿಯ ಜೇಬುಗಳನ್ನೂ ನೋಡಿದೆ. ಎಲ್ಲ ಸರಿಯಾಗಿತ್ತು. ತಟ್ಟೆಯಲ್ಲಿ ಒಂದೇ ಮುದ್ದೆ.

ಒಂದು ಮಧ್ಯಾಹ್ನ ನನ್ನ ತಟ್ಟೆ ಅವನ ತಟ್ಟೆಗೆ ಒತ್ತಾಗಿ ಬಂತು. ಆಗ ಕಂಡಿತು. ನನ್ನ ಮುದ್ದೆ ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡದು. ಅವನದು ಸುಲಿದ ತೆಂಗಿನಕಾಯಿಯಷ್ಟಿತ್ತು. ನಾನು ಎಣಿಸುತ್ತಿದ್ದದ್ದು ಮುದ್ದೆಯನ್ನು, ಗಾತ್ರವನ್ನಲ್ಲ. ಮುದ್ದೆ ಕಟ್ಟುತ್ತಿದ್ದವಳು ಅವನ ಹೆಂಡತಿ.

"ಇದ್ಯಾವ ಸೀಮೆ ಒಂದು ಮುದ್ದೆಯಮ್ಮ?" ಎಂದು ಅಡುಗೆಮನೆಗೆ ಹೋಗಿ ಕೇಳಿದೆ.

ಅವಳು ಮುದ್ದೆ ಕೋಲನ್ನು ತೊಳೆಯುವುದನ್ನು ನಿಲ್ಲಿಸಲಿಲ್ಲ. "ನೀವು ಯೋಳಿದ್ದು ಒಂದೇ ಅಲ್ವರಾ ಅಕ್ಕ? ಒಂದೇ ಇಕ್ಕಿವ್ನಿ."

"ಬುದ್ಧಿ ಬೇಡ್ವಾ ನಿಂಗೆ? ಆಪರೇಷನ್ ಆಗ್ಬೇಕೋ ಬೇಡ್ವೋ?"

"ಆಗ್ಬೇಕು," ಎಂದಳು. ಆಮೇಲೆ ದನಿ ಇಳಿಸಿದಳು. "ಉಂಡಾದ ಮ್ಯಾಲೆ ಖಾಲಿ ತಟ್ಟೆ ನೋಡ್ಕಂಡು ಕೂತಿರ್ತಾರೆ ಅಕ್ಕ. ಆ ಮಖವ ನನ್ ಕೈಲಿ ನೋಡಾಕಾಗಕಿಲ್ಲ. ನೀವು ಬಯ್ದ್ರೂ ಸರಿ."

ಬಯ್ದೆ. ಅಂದಿನಿಂದ ಮುದ್ದೆಯನ್ನು ನಾನೇ ಕಟ್ಟಿದೆ. ತೂಕ ಮತ್ತೆ ಇಳಿಯತೊಡಗಿತು. ಇನ್ನು ತೊಂದರೆಯಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಚನ್ನರಾಯಪಟ್ಟಣದಲ್ಲಿ ಹತ್ತಿರದ ನೆಂಟರೊಬ್ಬರ ಬೀಗರ ಊಟ ಬಂತು. ಮದುವೆ ಕಳೆದ ಮೇಲಿನ ಬಾಡೂಟ, ಹೋಗದಿದ್ದರೆ ಮುನಿಸು. ಅದರಲ್ಲೂ ನನ್ನ ತಮ್ಮ ಹೆಸರುವಾಸಿ ಉಣ್ಣುವವನು. ಪ್ರಾಯದಲ್ಲಿ ಹಳೇಕೋಟೆಯ ಮುದ್ದೆ ಉಣ್ಣುವ ಪಂದ್ಯದಲ್ಲಿ ಗೆದ್ದಾಗ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು. ನೆಂಟರಿಗೆ ಅದು ಮರೆತಿರಲಿಲ್ಲ.

"ಏನ್ ಭಾವ, ಕೋಳಿ ತಿನ್ನು ಅಂದ್ರೆ ಕೋಳಿಯಂಗೆ ಕುಕ್ತಾ ಕುಂತಿದ್ದೀರಿ?" ಎಂದ ಬಡಿಸುತ್ತಿದ್ದವನೊಬ್ಬ.

"ಡಾಕ್ಟ್ರು ಬ್ಯಾಡ ಅಂದವ್ರೆ ಕಣಪ್ಪ," ಎಂದ ತಮ್ಮ.

"ಡಾಕ್ಟ್ರು ಅಂಗೇ ಅಂತಾರೆ. ಮನೇಲಿ ಅವ್ರೂ ಬಾಡು ಬಿಟ್ಟಿರಾಕಿಲ್ಲ! ಲೇ, ಭಾವನ ಎಲೆಗೆ ಬಕೀಟೇ ಕವುಚ್ಲಾ!"

ಪಂಕ್ತಿಯೆಲ್ಲ ನಕ್ಕಿತು. ತಮ್ಮನೂ ನಕ್ಕ. ಎಲೆ ತುಂಬಿತು.

ನಾನು ಎದುರು ಪಂಕ್ತಿಯಲ್ಲಿದ್ದೆ. ಮೊದಲು ಮಾತಾಡುತ್ತಾ ಉಂಡ. ಆಮೇಲೆ ಮಾತು ನಿಂತಿತು. ಬಗ್ಗಿದ ತಲೆ ಮೇಲೇಳಲಿಲ್ಲ. ಕೈ ಮಾತ್ರ ಎಲೆಗೂ ಬಾಯಿಗೂ ಓಡಾಡುತ್ತಿತ್ತು. ಹಣೆಯ ಬೆವರು ಸಾರಿಗೆ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಆ ಮುಖವನ್ನು ನಾನು ಮೊದಲೇ ನೋಡಿದ್ದೆ. ಅರಕಲಗೂಡಿನ ವಾರ್ಡಿನಲ್ಲಿ ಕುಡಿತದಿಂದ ಯಕೃತ್ತು ಕೆಡಿಸಿಕೊಂಡು ಮತ್ತೆ ಮತ್ತೆ ಸೇರುತ್ತಿದ್ದ ಒಬ್ಬನಿದ್ದ. ಒಂದು ದಿನ ಡ್ರೆಸಿಂಗ್ ತಟ್ಟೆಯ ಸ್ಪಿರಿಟ್ ಬಾಟಲಿಯನ್ನೇ ಬಾಯಿಗೆ ಎತ್ತಿದ. ನಾನು ಕೈ ಹಿಡಿದೆ. ಅವನ ಮುಖದಲ್ಲಿ ಆಸೆಯಾಗಲಿ ಸುಖವಾಗಲಿ ಇರಲಿಲ್ಲ. ಬೆನ್ನ ಹಿಂದೆ ಯಾರೋ ನಿಂತು ನೂಕುತ್ತಿರುವವನ ಮುಖ ಅದು. ಅವನನ್ನು ನಾವು ರೋಗಿಯೆಂದು ಮಂಚ ಕೊಟ್ಟು ಮಲಗಿಸಿದ್ದೆವು. ಅದೇ ಮುಖ ಬಾಳೆಯೆಲೆಯ ಮುಂದಿದ್ದಾಗ ಸುತ್ತಲಿನವರು ಚಪ್ಪಾಳೆ ತಟ್ಟುತ್ತಿದ್ದರು.

ವಾಪಸು ಬರುವಾಗ ಕಾರಿನಲ್ಲಿ ಅವನ ಪಕ್ಕದಲ್ಲೇ ಕೂತೆ. ಬಯ್ಯಬೇಕೆಂದೇ ಇದ್ದವಳು ಬೇರೆ ಮಾತು ಕೇಳಿದೆ.

"ರುಚಿಯಾಗಿತ್ತೇನೋ?"

"ಮೊದಲ್ನೇ ತುತ್ತು ಗೊತ್ತಾಯ್ತು. ಆಮ್ಯಾಕೆ ಇಲ್ಲ ಕಣಕ್ಕ."

"ಬೀಡೀನ ಹೆಂಗೆ ಬಿಟ್ಟೆ? ಹಂಗೇ ಇದನ್ನೂ..."

"ಬೀಡಿಯ ಒಂದ್ಸಲ ಒಲೆಗೆ ಎಸೆದೆ, ಮುಗೀತು. ಮುದ್ದೆಯ ಎಲ್ಲಿಗೆ ಎಸೀಲಿ? ಮೂರೊತ್ತೂ ಅದರ ಮುಂದೇ ಕುಂತ್ಕಬೇಕು. ದಿನಾ ಒಂದೇ ಬೀಡಿ ಸೇದಿ ಸುಮ್ಕಿರು ಅಂದಿದ್ರೆ ಅದನ್ನೂ ಬಿಡಾಕಾಯ್ತಿರ್ನಿಲ್ಲ." ಕಿಟಕಿಯ ಕಡೆ ತಿರುಗಿದ. "ಅಪ್ಪ ಎತ್ತಿಗೆ ಕುಕ್ಕೆ ಕಟ್ತಿತ್ತಲ್ಲ. ನಿಂಗೆ ಮನಸು ಗಟ್ಟಿಲ್ಲ ಅಂತ ಯಾವತ್ತಾರ ಎತ್ತಿಗೆ ಬಯ್ದಿತ್ತಾ ಅಕ್ಕ?"

ನನ್ನ ಆಚೆ ಪಕ್ಕದಲ್ಲಿ ಅವನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

ಕುಡಿತಕ್ಕೆ, ಇಸ್ಪೀಟಿಗೆ, ಹೊಗೆಸೊಪ್ಪಿಗೆ ನಾವು ಚಟ ಎನ್ನುತ್ತೇವೆ. ಊಟಕ್ಕೆ ಆ ಮಾತನ್ನು ಯಾರೂ ಬಳಸುವುದಿಲ್ಲ. ಅಲ್ಲಿ ಇರುವುದು ಹೊಟ್ಟೆಬಾಕ ಎಂಬ ಬೈಗುಳ ಒಂದೇ. ಮುಂದಿನ ಸಲ ಹೋದಾಗ ಡಾಕ್ಟರನ್ನೇ ಕೇಳಿದೆ: ಇದು ಚಟವೋ, ಮನಸ್ಸಿನ ಸಡಿಲವೋ? ಅವರು ಒಂದೇ ಮಾತಿನಲ್ಲಿ ಹೇಳಲಿಲ್ಲ. "ಎಲ್ಲರದ್ದೂ ಒಂದೇ ತರ ಇರಲ್ಲ ಸಿಸ್ಟರ್. ಕೆಲವರಿಗೆ ಸಾಕು ಅನ್ನೋದು ಒಳಗಿಂದ ತಡವಾಗಿ ಬರುತ್ತೆ. ಬೈದ್ರೆ ಬೇಗ ಬರಲ್ಲ," ಎಂದು, ಇದನ್ನೇ ನೋಡುವ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಅವರು ಔಷಧಿ ಬರೆದರು, ಬಹಳ ಹೊತ್ತು ಅವನ ಜೊತೆ ಮಾತಾಡಿದರು. ನನ್ನನ್ನು ಹೊರಗೆ ಕೂರಿಸಿದರು.

ಮನೆಯ ಕಟ್ಟಳೆಯನ್ನು ಬದಲಿಸಿದೆ. ಕಟ್ಟಳೆಯಿಲ್ಲದೆ ನನಗೆ ಆಗುವುದಿಲ್ಲ. ಆದರೆ ಈ ಸಲ ಅವನನ್ನು ಕೇಳಿ ಮಾಡಿದೆ. ಮುದ್ದೆ ಪಾತ್ರೆ ಅಡುಗೆಮನೆಯಿಂದ ಹೊರಗೆ ಬರಬಾರದು. ಒಳಗೇ ಬಡಿಸಿದ ತಟ್ಟೆ ಮಾತ್ರ ಬರಬೇಕು. ಅಡುಗೆಮನೆಯ ಬಾಗಿಲು ಹಾಕಿರಬೇಕು. ಅವನು ಉಂಡ ಮೇಲೆ ನಾವೂ ತಟ್ಟೆಯ ಮುಂದೆ ಕೂರದೆ ಏಳಬೇಕು. ಬಾಡೂಟಕ್ಕೆ ಅವನ ಬದಲು ನಾನು ಹೋಗಬೇಕು. ಇದರಲ್ಲಿ ಬಾಗಿಲಿನದು ಅವನೇ ಸೇರಿಸಿದ ಮಾತು.

"ನನ್ ನಂಬ್ಕಬ್ಯಾಡ. ಬಾಗ್ಲ ನಂಬ್ಕೊ," ಎಂದಿದ್ದ.

ತೂಕ ಇಳಿಯಿತು, ನಡುವೆ ಏರಿತು, ಮತ್ತೆ ಇಳಿಯಿತು. ಏರಿದಾಗ ನಾನು ಬಾಯಿ ಕಟ್ಟಿಕೊಂಡಿದ್ದೆ; ಅದು ನನಗೂ ಸುಲಭವಿರಲಿಲ್ಲ. ಕೊನೆಗೆ ಡಾಕ್ಟರು ಒಪ್ಪಿ ಬಲಮಂಡಿಗೆ ಆಪರೇಷನ್ ಮಾಡಿದರು. ಎಡದ್ದು ಇನ್ನೂ ಇಳಿದ ಮೇಲೆ ಎಂದರು.

ಗಾಯ ಮಾಗಿದ ಮೇಲೆ ಗಂಡ ಹೆಂಡತಿ ಊರಿಗೆ ಮರಳಿದರು. ಮೊನ್ನೆ ಅಲ್ಲಿಗೆ ಹೋಗಿದ್ದೆ. ಕೋಲು ಹಿಡಿದು ರಸ್ತೆಯವರೆಗೆ ನಡೆದು ಬಂದು ನನ್ನ ಚೀಲ ಇಸಿದುಕೊಂಡ. ಮಧ್ಯಾಹ್ನದ ಊಟಕ್ಕೆ ಪಕ್ಕದ ಮನೆಯ ಹಿರಿಯರೊಬ್ಬರೂ ಕೂತಿದ್ದರು. ತಮ್ಮನ ಚಿಕ್ಕ ಮುದ್ದೆ ಬೇಗ ಮುಗಿಯಿತು. ಅದನ್ನು ನೋಡಿ ಅವರು ದನಿ ಎತ್ತಿದರು: "ಇದೇನವ್ವಾ, ಗಂಡನ್ನ ಉಪಾಸ ಕೆಡವಿದ್ದೀಯಾ? ಇನ್ನೊಂದು ಮುದ್ದೆ ತತ್ತಾ!"

ಅವನ ಹೆಂಡತಿ ಕದಲಲಿಲ್ಲ. ನನ್ನ ಕಡೆ ನೋಡಿದಳು, ಆಮೇಲೆ ಗಂಡನ ಕಡೆ.

"ಕುಕ್ಕೆ ಕಟ್ಟವ್ರೆ ಕಣ ಮಾವ," ಎಂದ ತಮ್ಮ.

ಹಿರಿಯರು ಬಿದ್ದು ಬಿದ್ದು ನಕ್ಕರು. ತಮ್ಮನೂ ನಗುತ್ತಿದ್ದ. ಆದರೆ ಅವನ ಕಣ್ಣು ಅವರ ಮೇಲಿರಲಿಲ್ಲ. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಒಲೆಯ ಪಕ್ಕದ ಪಾತ್ರೆ ಅಲ್ಲಿಂದ ಕಾಣುತ್ತಿತ್ತು. ನಾನು ಉಣ್ಣುವುದನ್ನು ಬಿಟ್ಟು ಎಡಗೈ ಊರಿ ಎದ್ದು ಹೋಗಿ ಬಾಗಿಲು ಎಳೆದು ಬಂದೆ.