ಸೊಟ್ಟ ಕೈಯ ಅಳತೆಯ ಕವಚ

ವೇಷಕ್ಕೆ ತೊಡುವ ಆ ಕವಚಕ್ಕೆ ನನಗೆ ಬಿದ್ದ ಖರ್ಚು ಮೂರು ಸಾವಿರದ ಎಂಟುನೂರು ರೂಪಾಯಿ. ಅಂಥದ್ದನ್ನೇ ಮಾಡಿಕೊಡುವವನೊಬ್ಬ ಪುಣೆಯಲ್ಲಿದ್ದ. ಫೋನಿನಲ್ಲಿ ಹದಿನೆಂಟು ಸಾವಿರ ಹೇಳಿದ, ನಾನು ಆರಕ್ಕೆ ಕೇಳಿದೆ, ಅವನು ಫೋನ್ ಇಟ್ಟ. ಇಟ್ಟದ್ದೇ ಒಳ್ಳೆಯದಾಯಿತು. ನಿಪ್ಪಾಣಿಯಲ್ಲಿ ಚಪ್ಪಲಿಯ ಕಚ್ಚಾ ಮಾಲಿನ ಅಂಗಡಿ ನನ್ನದು: ಸೋಲ್ ಶೀಟು, ದಾರ, ಬಕ್ಕಲ್, ಅಂಟಿಸುವ ಸಲ್ಯೂಷನ್. ಅಥಣಿ, ರಾಯಬಾಗದ ಚಪ್ಪಲಿ ಮಾಡುವವರಿಗೆ ನಾನೇ ಸ್ಕೂಟರಿನ ಮೇಲೆ ಹೇರಿಕೊಂಡು ಹೋಗಿ ಮುಟ್ಟಿಸುತ್ತೇನೆ. ಬಸ್ ಸ್ಟ್ಯಾಂಡಿನ ಗೋಡೆಗೆ ಒಂದು ಗೋಣಿಚೀಲ ತುಂಡು ರಬ್ಬರ್ ಸುರಿದುಕೊಂಡು ಕೂತಲ್ಲಿಂದ ಶುರುವಾದ ಅಂಗಡಿ ಅದು, ಯಾರೂ ಹಾಕಿಕೊಟ್ಟದ್ದಲ್ಲ. ಕವಚ ಮಾಡುವವರು ದುಬಾರಿ ಹೆಸರಿಟ್ಟು ಕೊಳ್ಳುವ ಫೋಮು ನಮ್ಮ ಚಪ್ಪಲಿಯ ಅಟ್ಟೆಗೆ ಹಾಕುವ ಫೋಮೇ ಎಂಬುದು ಕವಚ ಮಾಡುವುದನ್ನು ತೋರಿಸುವ ವೀಡಿಯೊ ನೋಡಿದ ಎರಡನೇ ನಿಮಿಷಕ್ಕೆ ನನಗೆ ಗೊತ್ತಾಗಿತ್ತು. ಕೊಲ್ಹಾಪುರದ ವ್ಯಾಪಾರಿಯ ಹತ್ತಿರ ಅಂಚು ಹಳದಿಯಾದ ಒಂದು ಲಾಟು ಇತ್ತು. ಅದನ್ನು ಬಿಸಿಲಿಗೆ ತರಿಸಿ, ಹಳದಿಯನ್ನು ಅವನಿಗೇ ತೋರಿಸಿ, ಅರ್ಧ ಬೆಲೆಗೆ ಎತ್ತಿಕೊಂಡು ಬಂದೆ. ಮೇಲೆ ಬಣ್ಣ ಬಳಿದರೆ ಹಳದಿ ಯಾರಿಗೆ ಕಂಡೀತು?

ಆದರೆ ನಾನೇ ಮಾಡಿಕೊಳ್ಳಲು ಕಾರಣ ಬೆಲೆ ಒಂದೇ ಅಲ್ಲ. ಪುಣೆಯವನು ಮಾಡುವ ತೋಳು ನೆಟ್ಟಗಿರುತ್ತದೆ. ನನ್ನ ಎಡಗೈ ನೆಟ್ಟಗಿಲ್ಲ.

ಎಂಟು ವರ್ಷದವಳಿದ್ದಾಗ ತಂಬಾಕಿನ ಮೂಟೆ ಹೇರಿದ ಟೆಂಪೋದಿಂದ ಬಿದ್ದೆ. ಎಲುಬು ಕಟ್ಟುವವನೊಬ್ಬ ಬಿದಿರಿನ ಸೀಳು ಇಟ್ಟು ಬಿಗಿದು ಕಟ್ಟಿದ. ಬಿಚ್ಚಿದಾಗ ಮೊಣಕೈ ಹೊರಕ್ಕೆ ತಿರುಗಿ ನಿಂತಿತ್ತು. ‘ಕೈ ಉಳೀತಲ್ಲ, ಸಾಕು’ ಎಂದರು ಎಲ್ಲರೂ. ಅವತ್ತಿನಿಂದ ಉದ್ದ ತೋಳಿನ ಕುಪ್ಪಸ, ಮೇಲೆ ಓಢಣಿ. ಚೌಕಾಶಿಯಲ್ಲಿ ನನ್ನ ಬಾಯಿಗೆ ಗಂಡಸರು ಹೆದರುತ್ತಿದ್ದರು. ಆದರೆ ಮೇಲಿನ ಹಲಗೆಯ ಡಬ್ಬಿ ಇಳಿಸುವಾಗ ಮಾತ್ರ ಗಿರಾಕಿ ಅತ್ತ ತಿರುಗುವವರೆಗೂ ಕಾಯುತ್ತಿದ್ದೆ. ಇಪ್ಪತ್ತೇಳು ವರ್ಷದ ಹೆಂಗಸು, ಸ್ವಂತ ಅಂಗಡಿಯಲ್ಲಿ ಕಳ್ಳಿಯ ಹಾಗೆ.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಅನಿಮೆ ನೋಡುವ ಚಟ ನನಗಿತ್ತು. ಅನಿಮೆ ಎಂದರೆ ಜಪಾನಿನ ಕಾರ್ಟೂನು, ಆದರೆ ಬರೀ ಮಕ್ಕಳದ್ದಲ್ಲ. ಅದರಲ್ಲೊಬ್ಬ ಹೆಣ್ಣು ಯೋಧೆಗೆ ಒಂದು ಕೈ ಕಬ್ಬಿಣದ್ದು. ಅವಳು ಅದನ್ನು ಮುಚ್ಚಿಕೊಳ್ಳುವುದೇ ಇಲ್ಲ, ಎತ್ತಿ ಎತ್ತಿ ಹೊಡೆಯುತ್ತಾಳೆ. ಇಂಥ ಪಾತ್ರಗಳ ವೇಷ ಹಾಕಿಕೊಂಡು ಜನ ಸೇರುವ ಮೇಳಗಳಿವೆ, ಅದಕ್ಕೆ ಕಾಸ್‌ಪ್ಲೇ ಅನ್ನುತ್ತಾರೆ ಎಂದು ಗೊತ್ತಾದ ದಿನವೇ ಹಳೇ ಪೇಪರನ್ನು ನನ್ನ ಸೊಟ್ಟ ಕೈಗೆ ಸುತ್ತಿ ಅಳತೆ ತೆಗೆದೆ. ಚರ್ಮ ಕೊಯ್ಯುವ ರಂಪಿಗೆಯಿಂದ ಫೋಮು ಕೊಯ್ದೆ, ಇಸ್ತ್ರಿ ಪೆಟ್ಟಿಗೆಯಿಂದ ಕಾಯಿಸಿ ಬಗ್ಗಿಸಿದೆ. ನನ್ನ ಮೊಣಕೈ ಎಲ್ಲಿ ತಿರುಗುತ್ತದೋ ಕವಚದ ಕೀಲೂ ಅಲ್ಲೇ ತಿರುಗುವ ಹಾಗೆ ಮಾಡಲು ನಾಲ್ಕು ತೋಳು ಕೆಡಿಸಿದೆ. ಐದನೆಯದು ಕೂತಿತು. ಮಾಲು ತರಲು ಹೋಗುತ್ತೇನೆಂದು ಅವ್ವನಿಗೆ ಹೇಳಿ ಪುಣೆಯ ಬಸ್ಸು ಹತ್ತಿದೆ.

ಅಲ್ಲಿ ನಾನು ಮಾಡಿದ ತಪ್ಪನ್ನು ನಮ್ಮ ಕಡೆಯವರು ಮಾತ್ರ ಮಾಡಬಲ್ಲರು. ನಮ್ಮಲ್ಲಿ ಗಣಪತಿ ಹಬ್ಬಕ್ಕೆ ಜೀವಂತ ದೇಖಾವೆ ಮಾಡುತ್ತಾರೆ. ಮನುಷ್ಯರೇ ದೇವರು, ರಾಕ್ಷಸರ ವೇಷ ಹಾಕಿ ಪೆಂಡಾಲಿನಲ್ಲಿ ಗೊಂಬೆಯ ಹಾಗೆ ನಿಲ್ಲಬೇಕು. ಅಲುಗಾಡಿದರೆ ಗಣಪತಿ ಕೂರಿಸಿದ ಮಂಡಳದ ಮರ್ಯಾದೆ ಹೋಯಿತು. ನನಗೆ ಗೊತ್ತಿದ್ದ ವೇಷ ಅದೊಂದೇ. ಹಾಗಾಗಿ ಪುಣೆಯ ಆ ಹಾಲಿನಲ್ಲಿ ಒಂದು ಕಂಬದ ಪಕ್ಕ ಕತ್ತಿ ಹಿಡಿದು ನಿಂತವಳು ಒಂದೂವರೆ ತಾಸು ನಿಂತೇ ಇದ್ದೆ. ಬೆವರು ಕಣ್ಣಿಗೆ ಇಳಿದರೂ ಒರೆಸಲಿಲ್ಲ. ಜನ ಫೋಟೊ ಹೊಡೆದುಕೊಂಡು ಹೋಗುತ್ತಿದ್ದರು.

ಹಸಿರು ಕೂದಲಿನ ಟೋಪನ್ ಹಾಕಿದ್ದ ಒಬ್ಬಳು ಬಂದು ನನ್ನ ಸುತ್ತ ಎರಡು ಸುತ್ತು ಹಾಕಿದಳು. ಆಮೇಲೆ ಕವಚದ ಸಂದಿಯಲ್ಲಿ ಬೆರಳು ತೂರಿಸಿ ನಾಡಿ ಹುಡುಕತೊಡಗಿದಳು.

“ಅಗ ಬಾಯೀ, ಜಿವಂತ ಆಹೇಸ್ ನಾ?” ಬದುಕಿದ್ದೀಯಾ ಎಂದು ಕೇಳಿದ್ದಳು.

ತುಟಿ ಅಲುಗಿಸದೆ ಕನ್ನಡದಲ್ಲೇ ಅಂದೆ: “ಅಲಗಾಡಬಾರ್ದು.”

“ಯಾರು ಹೇಳಿದ್ರ?” ಅವಳೂ ಕನ್ನಡಕ್ಕೆ ಬಂದಳು.

“ದೇಖಾವ್ಯಾಗ ಅಲಗಾಡ್ತಾರೇನ?”

ಅವಳು ನಕ್ಕ ನಗೆಗೆ ಟೋಪನ್ ಜಾರಿತು. ನೆಲಕ್ಕೆ ಕೂತುಬಿಟ್ಟಳು. ಮಿರಜದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಜೊತೆ ಬಂದವಳು ಕಾಗವಾಡದವಳು, ಮನೆಯಲ್ಲೇ ಮಶೀನ್ ಇಟ್ಟುಕೊಂಡು ಶಾಲೆಯ ಯುನಿಫಾರ್ಮು, ಬುರ್ಖಾ ಹೊಲಿಯುತ್ತಾಳೆ. ಮೂವರೂ ಮೆಟ್ಟಿಲ ಮೇಲೆ ಕೂತು ವಡಾಪಾವ್ ತಿನ್ನುವಾಗ ನರ್ಸ್ ನನ್ನ ಮೊಣಕೈ ಹಿಡಿದು ಕೇಳಿದಳು, ಈ ತಿರುವು ಹೇಗೆ ಮಾಡಿದೆ ಎಂದು. ಮಾಡಿದ್ದಲ್ಲ, ಇರುವುದೇ ಹಾಗೆ ಎಂದೆ. ಎರಡು ಕಡೆ ಒತ್ತಿ ನೋಡಿದಳು. ಅವಳ ಮುಖ ಕೆಂಪಾಯಿತು.

“ಯಾವಂವ ಕಟ್ಟ್ಯಾನಿದನ? ಹತ್ತು ನಿಮಿಷದ ಎಕ್ಸ್‌ರೇ ಸಾಕಿತ್ತಲ್ಲ!”

ಅಲ್ಲಿಯತನಕ ಆ ಕೈ ನೋಡಿದವರು ‘ಪಾಪ’ ಅನ್ನುತ್ತಿದ್ದರು. ಅದನ್ನು ನೋಡಿ ಸಿಟ್ಟಿಗೆದ್ದವಳು ಅವಳೇ ಮೊದಲು. ಸಿಟ್ಟಾಗಬೇಕಾದ ವಿಷಯ ಇದು ಎಂದು ನನಗೂ ಅವತ್ತೇ ಹೊಳೆದದ್ದು. ಗೆಳೆತನ ಅಲ್ಲಿಂದ ಶುರುವಾಯಿತು.

ಮುಂದಿನ ಮೇಳ ಬೆಂಗಳೂರಿನಲ್ಲಿ. ಮೂವರೂ ಒಂದೇ ಕಥೆಯ ಮೂರು ಪಾತ್ರವಾಗಿ ಗುಂಪಿನ ಸ್ಪರ್ಧೆಗೆ ಹೆಸರು ಕೊಟ್ಟೆವು. ಒಬ್ಬರು ವೇಷವಿಲ್ಲದೆ ಬಂದರೆ ಮೂವರೂ ಹೊರಗೆ ಎಂಬ ನಿಯಮ. ನರ್ಸ್ ಮೂರು ತಿಂಗಳು ವಾರದ ರಜೆ ತೆಗೆದುಕೊಳ್ಳದೆ ಕೂಡಿಸಿಟ್ಟಳು. ಟೇಲರ್ ತನ್ನ ಗಂಡನನ್ನು ಒಪ್ಪಿಸಿದಳು. ನಾನು ನನ್ನ ಕವಚ ತರಬೇಕು, ಅಷ್ಟೇ.

ಆಗ ಬಂತು ಗಣಪತಿ ಹಬ್ಬ. ನಮ್ಮ ಓಣಿಯ ಮಂಡಳದ ಅಧ್ಯಕ್ಷರು, ಎಲ್ಲರಂತೆ ನಾನೂ ‘ಕಾಕಾ’ ಅನ್ನುವ ಮನುಷ್ಯ, ಅಂಗಡಿಗೆ ಬಂದು ಕೂತರು. ಯಾರದೋ ಫೋನಿನಲ್ಲಿ ನನ್ನ ಫೋಟೊ ನೋಡಿದ್ದರಂತೆ.

“ತಂಗಿ, ನಿಂದು ಆ ಚಿಲಕತ್ತು ಕೊಡು, ಫೋಟೊದಾಗಿನ ಕವಚ. ಈ ಸಲದ ದೇಖಾವ್ಯಾಗ ರಾಕ್ಷಸರ ಸೇನಾಪತಿಗೆ ಬೇಕು.”

“ಅದರ ಜೋಡಿ ನಾನ ಬಂದ ನಿಲ್ತೀನಲ್ರೀ ಕಾಕಾ. ಒಂದೂವರಿ ತಾಸು ಅಲಗಾಡದ ನಿಂತ ರೂಢಿ ಐತಿ.”

“ಹೆಣ್ಣಮಕ್ಕಳು ನಿಂತ್ರ ಮಂದಿ ಏನಂದಾರು? ನನ್ನ ಹೇಂತಿ ತಮ್ಮ ನಿಲ್ತಾನ. ದೇವರ ಕೆಲಸ ತಂಗಿ, ಐದ ದಿನದಾಗ ನಿನ್ನ ಮನಿಗೆ ಮುಟ್ಟಸ್ತೀನಿ.”

ಒಂದು ಬಕ್ಕಲನ್ನೂ ಚೀಟಿ ಬರೆಯದೆ ಹೊರಗೆ ಬಿಡದವಳು ನಾನು. ದೇವರ ಹೆಸರು ಬಂದ ಕೂಡಲೆ ಚೀಟಿ ಪುಸ್ತಕಕ್ಕೆ ಕೈ ಹಾಕಲಿಲ್ಲ. ಕೊಟ್ಟೆ. ಇಂದಿಗೂ ಕಾಕಾನ ಮೇಲಿನಷ್ಟೇ ಸಿಟ್ಟು ಆ ದಿನದ ನನ್ನ ಮೇಲೂ ಇದೆ.

ಐದು ದಿನ ಆಯಿತು, ಆರೂ ಆಯಿತು. ಏಳನೆಯ ಸಂಜೆ ದೇಖಾವೆ ನೋಡಲು ಹೋದೆ. ಪರದೆ ಸರಿಯಿತು. ಕಾಕಾನ ಹೆಂಡತಿಯ ತಮ್ಮ, ಹಿಟ್ಟಿನ ಗಿರಣಿಯಲ್ಲಿ ಮೂಟೆ ಎತ್ತುವ ಆಳು, ನನ್ನ ಕವಚದ ತೋಳಿನೊಳಗೆ ತನ್ನ ತೋಳು ತುರುಕಿದ್ದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕವಚ ಸೀಳಿತ್ತು. ಕಂದು ಟೇಪು ಸುತ್ತಿದ್ದರು. ಕೀಲು ತಿರುಗಿದ ಕಡೆಗೇ ಕೈ ಹಿಡಿಯಬೇಕಲ್ಲ, ಅವನ ಕೈಯೂ ಸೊಟ್ಟಗೆ ನಿಂತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಅಂದರು: “ಏ, ಇದು ಆ ಚಪ್ಪಲಿ ಸಾಮಾನಿನ ಅಂಗಡಿ ಸೊಟ್ಟ ಕೈಯಾಕಿದಲೇ!” ನಗೆ ಹಬ್ಬಿತು. ಅದೇ ಹೊತ್ತಿಗೆ ಮೈಕಿನಲ್ಲಿ ಕಾಕಾ: “ಈ ಕವಚ ನಮ್ಮ ಮಂಡಳದ ಹುಡುಗರು ಹಗಲೂ ರಾತ್ರಿ ದುಡದ ಮಾಡಿದ್ದು!”

ಕೈ ಯಾರದೆಂದು ನಗುವವರಿಗೆ ಗೊತ್ತು, ಕೆಲಸ ಯಾರದೆಂದು ಹೇಳುವಾಗ ಮಾತ್ರ ಮಂಡಳದ ಹುಡುಗರು. ಅಲ್ಲೇ ಕೂಗಬೇಕಿತ್ತು. ಓಢಣಿ ಎಳೆದುಕೊಂಡು ಮನೆಗೆ ಬಂದೆ. ಅವ್ವ ಅಂದಳು, “ಹೋಗ್ಲಿ ಬಿಡ, ಅವರ ಕೂಡ ಎದರಾ ಹಾಕ್ಕೋಬ್ಯಾಡ.” ಹೋಗಲಿ ಬಿಡು ಎಂದು ಬಿಟ್ಟೇ ನನ್ನ ಎಲುಬು ಹೀಗೆ ಕೂಡಿದ್ದು ಎಂದೆ.

ಮಾರನೆಯ ದಿನ ಶನಿವಾರ. ಸಂಜೆ ಬೆಂಗಳೂರಿನ ಬಸ್ಸು. ಮಿರಜದಿಂದ ನರ್ಸ್, ಅದೇ ಬಸ್ಸಿಗೆ ಕಾಗವಾಡದಲ್ಲಿ ಹತ್ತಿದ ಟೇಲರ್, ಇಬ್ಬರೂ ಬ್ಯಾಗು ಹೊತ್ತು ಚಿಕ್ಕೋಡಿ ಮೇಲೆ ಹಾದು ನಿಪ್ಪಾಣಿಗೆ ಬಂದಿಳಿದರು. ಕವಚ ಕೈಯಲ್ಲಿಲ್ಲ, ಮಂಡಳದವರು ಕೊಟ್ಟಿಲ್ಲ ಎಂದು ಹೇಳಿದೆ. ನರ್ಸ್ ಒಂದೇ ಮಾತು ಕೇಳಿದಳು: “ಪೆಂಡಾಲ್ ಎಲ್ಲೈತಿ?”

ಮಧ್ಯಾಹ್ನದ ಆರತಿಗೆ ಹೆಂಗಸರು ತಟ್ಟೆ ಹಿಡಿದು ಸಾಲು ನಿಂತಿದ್ದರು. ಕಾಕಾ ಕುರ್ಚಿಯಲ್ಲಿದ್ದರು. ಕವಚ ಅವರ ಹಿಂದಿನ ಮೇಜಿನ ಮೇಲಿತ್ತು.

“ಕಾಕಾ, ನನ್ನ ಸಾಮಾನು.”

“ಚತುರ್ದಶಿ ಆಗ್ಲಿ ತಂಗಿ. ಸಂಕೇಶ್ವರದಿಂದ ಮಂದಿ ನೋಡಾಕ ಬರಾಕತ್ತಾರ.”

“ಐದ ದಿನ ಅಂದಿದ್ರಿ. ಇವತ್ತಿಗೆ ಎಂಟು.”

“ಬರದ ಕೊಟ್ಟೇನೇನು?” ಎಂದು ನಕ್ಕರು. “ಅದು ನಿಂದ ಅನ್ನಾಕ ಗುರ್ತರ ಏನೈತಿ? ರಬ್ಬರ್ ತುಂಡು ಯಾರ ಬೇಕಾದ್ರೂ ಅಂಟಸ್ತಾರ.”

ನನ್ನ ಮಾಲಿಗೆ ಗುರುತು ಕೇಳಿದರು! ಚೌಕಾಶಿ ಎಂದರೆ ನನಗೆ ಗೊತ್ತಿರುವ ಜಾಗ.

“ಆತ್ರಿ. ನಿಮ್ಮ ಮಂಡಳದವ್ರು ಮಾಡಿದ್ದ ಅಂತೀರಲ್ಲ, ನಿಮ್ಮಾಂವಗ ಹಾಕ್ಕೊಂಡ ತೋರ್ಸಾಕ ಹೇಳ್ರಿ. ಟೇಪ್ ಇಲ್ಲದಂಗ.”

ಗಿರಣಿಯ ಆಳು ಬಂದ. ಟೇಪು ಬಿಚ್ಚಿ ಕೈ ತೂರಿಸಿದ. ಸೀಳು ಬಾಯಿ ತೆರೆಯಿತು, ಒಳಗಿನ ತೋಳು ಉಬ್ಬಿ ಹೊರಗೆ ಬಂತು. ಟೇಲರ್ ಅವನನ್ನು ಮೇಲಿಂದ ಕೆಳಗೆ ಅಳೆದಳು. “ಅಣ್ಣಾ, ನಿಮ್ಮ ತೋಳಿಗೆ ಬೇಕಾದದ್ದು ಕವಚ ಅಲ್ರಿ, ತಾಡಪತ್ರಿ.” ಸಾಲಿನ ಹೆಂಗಸರು ನಕ್ಕರು. ನಗೆ ಈ ಸಲ ಬೇರೆ ಕಡೆಗಿತ್ತು.

ನಾನು ಓಢಣಿ ತೆಗೆದು ನರ್ಸ್ ಕೈಗೆ ಕೊಟ್ಟೆ. ತೋಳು ಭುಜದವರೆಗೆ ಮಡಚಿದೆ. ನನ್ನ ಊರಿನಲ್ಲಿ, ಹಗಲು ಬೆಳಕಿನಲ್ಲಿ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಕವಚದೊಳಗೆ ಕೈ ಇಟ್ಟೆ. ಮೊಣಕೈ ತನ್ನ ಜಾಗ ಹುಡುಕಿಕೊಂಡು ಕೂತಿತು. ಸೀಳಿನ ಎರಡೂ ಅಂಚು ಬಂದು ಕೂಡಿದವು. ಕೈ ಮಡಚಿದೆ, ಚಾಚಿದೆ, ಮತ್ತೆ ಮಡಚಿದೆ. ಎಲ್ಲೂ ಬಾಯಿ ಬಿಡಲಿಲ್ಲ.

“ಗುರ್ತ ಸಾಕೇನ್ರಿ, ಇನ್ನೂ ಬೇಕ?”

ಕಾಕಾ ಏನೋ ಅನ್ನಲು ಹೊರಟರು. ಸಾಲಿನ ಮುಂದಿದ್ದ ಮುದುಕಿಯೊಬ್ಬಳು ತಟ್ಟೆ ಕುಟ್ಟಿದಳು. “ಅದು ಆಕಿ ಕೈದೋ ಯಪ್ಪಾ, ಕುರುಡಗ ಸೈತ ತಿಳೀತೈತಿ. ಕೊಟ್ಟ ಕಳಿಸ್ರಿ, ಆರತಿ ಹೊತ್ತಾತು.”

ಬಿಚ್ಚಲಿಲ್ಲ. ಹಾಕಿಕೊಂಡೇ ಬಜಾರದ ನಡುವೆ ಅಂಗಡಿಗೆ ನಡೆದೆ. ಪಾನಪಟ್ಟಿಯವರು ನೋಡಿದರು, ನನ್ನ ಗಿರಾಕಿಗಳು ನೋಡಿದರು. ನೋಡಲಿ ಎಂದು ಕೈ ಬೀಸಿ ನಡೆದೆ. ಮೂರು ತಾಸಿನಲ್ಲಿ ಮೂವರೂ ಕೂತು ಸೀಳನ್ನು ಅಂಟಿಸಿದೆವು. ನರ್ಸ್ ಅಂಚು ಒತ್ತಿ ಹಿಡಿದಳು, ಟೇಲರ್ ಒಳಗಿಂದ ಪಟ್ಟಿ ಹೊಲಿದಳು, ನಾನು ಬಣ್ಣ ಬಳಿದೆ. ಬೆಂಗಳೂರಿನಲ್ಲಿ ನಮಗೆ ಬಹುಮಾನ ಬರಲಿಲ್ಲ. ಆದರೆ ವೇದಿಕೆಯ ಮೇಲೆ ನಾನು ಅಲುಗಾಡಿದೆ, ಕತ್ತಿ ಬೀಸಿದೆ. ಕೆಳಗಿಳಿದಾಗ ಒಂದು ಭುಜ ತಗ್ಗಿದ್ದ ಹುಡುಗಿಯೊಬ್ಬಳು ಬಂದು ತನ್ನ ಅಳತೆಗೆ ಒಂದು ಮಾಡಿಕೊಡುತ್ತೀರಾ ಎಂದು ಕೇಳಿದಳು. ಬೆಲೆ ಹೇಳಿದೆ. ಚೌಕಾಶಿ ಮಾಡಿದಳು. ನಾನು ಇಳಿಸಲಿಲ್ಲ. ಕೊಟ್ಟಳು.

ಕಾಕಾ ಇವತ್ತಿನವರೆಗೆ ತಪ್ಪಾಯಿತು ಅಂದಿಲ್ಲ. ಈಗ ಓಣಿಯಲ್ಲಿ ‘ನಾವ ಮುಂದ ತಂದ ಹುಡುಗಿ’ ಎಂದು ಹೇಳಿಕೊಂಡು ತಿರುಗುತ್ತಾರೆ. ನನ್ನ ಸಿಟ್ಟು ಹಾಗೇ ಇದೆ, ಇಳಿಸುವ ಇರಾದೆಯೂ ಇಲ್ಲ. ಉದ್ದ ತೋಳಿನ ಕುಪ್ಪಸಗಳನ್ನೆಲ್ಲ ಟೇಲರ್ ಕೈಯಲ್ಲಿ ಕತ್ತರಿಸಿ ಗಿಡ್ಡ ಮಾಡಿಸಿದ್ದೇನೆ.

ನಿಮಗೂ ಇದರ ಹುಚ್ಚಿದ್ದರೆ ನನ್ನ ಮಾತು ಕೇಳಿ. ಸಿದ್ಧ ವೇಷ ಕೊಳ್ಳಬೇಡಿ. ಹತ್ತಿರದ ಚಪ್ಪಲಿ ಸಾಮಾನಿನ ಅಂಗಡಿಗೆ ಹೋಗಿ ಡ್ಯಾಮೇಜ್ ಶೀಟು ಕೇಳಿ, ಮೊದಲು ಹೇಳಿದ ಬೆಲೆಗೆ ಒಪ್ಪಬೇಡಿ, ನನ್ನ ಅಂಗಡಿಯಾದರೂ ಸರಿ. ಅಳತೆಯನ್ನು ವೀಡಿಯೊ ನೋಡಿ ತೆಗೆಯಬೇಡಿ, ನಿಮ್ಮ ಮೈ ಎಲ್ಲಿ ಸೊಟ್ಟಗಿದೆಯೋ ಅಲ್ಲಿಂದಲೇ ಪೇಪರ್ ಸುತ್ತಲು ಶುರು ಮಾಡಿ. ಸಲ್ಯೂಷನ್ ಹಚ್ಚಿದ ಕೂಡಲೆ ಅಂಟಿಸಬಾರದು. ಎರಡೂ ಅಂಚಿಗೆ ಹಚ್ಚಿ, ಬೆರಳಿಗೆ ಜಿಗುಟು ಹತ್ತಿಯೂ ಹತ್ತದ ಹಾಗಾಗುವವರೆಗೆ ಕಾಯ್ದು ಆಮೇಲೆ ಒತ್ತಿ. ಮಾಡುವಾಗ ದಿನಕ್ಕೊಂದು ಫೋಟೊ ತೆಗೆದಿಡಿ, ನಿಮ್ಮ ಕೈ ಫೋಟೊದಲ್ಲಿ ಬರಲಿ. ಮೇಳದಲ್ಲಿ ಕಂಬದ ಹಾಗೆ ನಿಲ್ಲಬೇಡಿ, ಬೆವರು ಒರೆಸಿಕೊಳ್ಳಿ, ಪಕ್ಕದವರನ್ನು ಮಾತಾಡಿಸಿ. ಮತ್ತೆ, ಯಾರಾದರೂ ಬಂದು ದೇವರ ಕೆಲಸ ಎಂದರೆ ದೇವರಿಗೆ ಕೈ ಮುಗಿಯಿರಿ, ಬಂದವರ ಹತ್ತಿರ ಚೀಟಿ ಬರೆಸಿಕೊಳ್ಳಿ: ಸಾಮಾನು ಯಾರದು, ಯಾವ ದಿನ ವಾಪಸ್, ಮೈಕಿನಲ್ಲಿ ಯಾರ ಹೆಸರು. ಬರೆಯಲು ಹಿಂದೆಮುಂದೆ ನೋಡಿದರೆ ಕೊಡಬೇಡಿ.