ಡ್ರಿಲ್ ಟೀಚರ್ ಮೆಚ್ಚಿದ ತಂಡ

ಕಳೆದ ವಾರ ದುಬೈಯ ಮುರಕ್ಕಬಾತಿನ ನಮ್ಮ ಮನೆ ಹತ್ತಿರದ ಸೂಪರ್‌ಮಾರ್ಕೆಟ್ಟಿನಲ್ಲಿ ಆಗಷ್ಟೇ ನೆಲ ಒರೆಸಿದ್ದರು. ಹೊಸ ಶೂ ಹಾಕಿದ ಮಗುವೊಂದು ಅದರ ಮೇಲೆ ಓಡಿತು. ಕೀಂಯ್, ಕೀಂಯ್ ಎಂದು ರಬ್ಬರ್ ಅಟ್ಟೆಯ ಸದ್ದು. ಅದರ ತಾಯಿ ಗದರಿಸಿದಳು. ನಾನು ಈರುಳ್ಳಿ ಆರಿಸುವುದನ್ನು ಬಿಟ್ಟು ನಿಂತೇಬಿಟ್ಟೆ. ನಿಮಗೂ ಏನಾದರೊಂದು ಸದ್ದಿಗೆ ಹೀಗಾಗುತ್ತಿರಬಹುದು. ನನಗೆ ಈ ಕೀಚಲು ಕೇಳಿದರೆ ತಗಡಿನ ಮಾಡಿನ ಒಂದು ಷೆಡ್ಡು, ಅದರೊಳಗೆ ಓಡುವ ಹುಡುಗಿಯರು ಮತ್ತು ನನ್ನ ಅಮ್ಮ ಕಣ್ಣ ಮುಂದೆ ಬರುತ್ತಾರೆ.

ಕೆಲವು ವರ್ಷಗಳ ಹಿಂದೆ ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಸಣ್ಣ ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಒಂದು ಪಕ್ಕ ಬಿಸ್ಕತ್ತಿನ ಕಾರ್ಖಾನೆ, ಇನ್ನೊಂದು ಪಕ್ಕ ಟೈಲ್ಸಿನ ಗೋದಾಮು. ಮಧ್ಯಾಹ್ನ ಗಾಳಿ ಬೀಸಿದರೆ ಮಕ್ಕಳು ಪುಸ್ತಕ ಮುಚ್ಚಿ ಕ್ಯಾಂಟೀನಿಗೆ ಹೋಗುತ್ತಿದ್ದರು, ಅಷ್ಟು ಚೆನ್ನಾಗಿ ಬೆಣ್ಣೆಯ ವಾಸನೆ ಬರುತ್ತಿತ್ತು. ಹಿಂದೆ ಯಾರದೋ ಗೋದಾಮಾಗಿದ್ದ ಷೆಡ್ಡಿಗೆ ಮರದ ನೆಲ ಹಾಕಿ ಕಾಲೇಜಿನವರು ಬಾಸ್ಕೆಟ್‌ಬಾಲ್ ಅಂಗಣ ಮಾಡಿದ್ದರು. ಅದುವರೆಗೆ ಅಲ್ಲಿಗೆ ನಾನು ಒಮ್ಮೆಯೂ ಕಾಲಿಟ್ಟವನಲ್ಲ. ಆಟದ ಮೈದಾನಕ್ಕೂ ನನಗೂ ಚಿಕ್ಕಂದಿನಿಂದಲೇ ಆಗಿಬರುತ್ತಿರಲಿಲ್ಲ. ಕಾರಣ ಅಮ್ಮ.

ಅಮ್ಮ ಕಾಪು ಹತ್ತಿರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಟೀಚರ್. ಅದೇ ಶಾಲೆಯಲ್ಲಿ ನಾನು ವಿದ್ಯಾರ್ಥಿ. ಕೊರಳಲ್ಲಿ ಸೀಟಿ, ಸೀರೆಯ ಸೆರಗು ಸೊಂಟಕ್ಕೆ, ಗದ್ದೆಯಾಚೆಗೂ ಕೇಳುವ ಸ್ವರ. ಓಟದಲ್ಲಿ ಕೊನೆಯವನಾಗಿ ಬರುವ ಹುಡುಗನ ತಾಯಿಯೇ ಸೀಟಿ ಊದುವವಳಾದರೆ ಅವನ ಗತಿ ಏನೆಂದು ನೀವೇ ಯೋಚಿಸಿ. ಆದರೆ ನಿವೃತ್ತಿಯಾದ ಮೇಲೆ ಆ ಸ್ವರ ಸಣ್ಣದಾಯಿತು. ಯಾರೂ ಏನೂ ಕೇಳುವುದಿಲ್ಲ, ಹೇಳುವುದಕ್ಕೂ ಏನಿಲ್ಲ ಎನ್ನುವಂತೆ ಇರುತ್ತಿದ್ದರು. ಒಂದು ಬದಲಾವಣೆಯಾಗಲಿ ಎಂದು ನಾನೇ ವಿಸಿಟ್ ವೀಸಾ ಮಾಡಿಸಿ ಮೂರು ತಿಂಗಳಿಗೆ ಕರೆಸಿಕೊಂಡೆ. ಹೆಂಡತಿ ಶೋಭಾಳಿಗೆ ಕ್ಲಿನಿಕ್ಕಿನಲ್ಲಿ ಸಂಜೆ ಡ್ಯೂಟಿ. ಅಮ್ಮ ಹನ್ನೊಂದನೆಯ ಮಹಡಿಯಲ್ಲಿ ಒಬ್ಬರೇ ಕೂತು ಕಿಟಕಿಯಿಂದ ಬಸ್ಸು ಎಣಿಸುತ್ತಿದ್ದರು. ಇದು ಸರಿಯಲ್ಲ ಅನ್ನಿಸಿ ಒಂದು ದಿನ ಕಾಲೇಜಿಗೇ ಕರೆದುಕೊಂಡು ಹೋದೆ.

ಲೈಬ್ರರಿಯಲ್ಲಿ ಅರ್ಧ ಗಂಟೆ ಕೂತವರು, "ಅದೆಂತ ಶಬ್ದ?" ಎಂದರು. ಷೆಡ್ಡಿನಿಂದ ಕೀಂಯ್ ಕೀಂಯ್ ಕೇಳುತ್ತಿತ್ತು. ಹುಡುಗಿಯರ ತಂಡದ ಮ್ಯಾಚು. ಹೋಗಿ ನೋಡಿದರೆ ಪ್ರೇಕ್ಷಕರು ಒಟ್ಟು ಒಂಬತ್ತು ಜನ. ನಮ್ಮವರು ಮೂವತ್ತು ಪಾಯಿಂಟಿನಿಂದ ಸೋಲುತ್ತಿದ್ದರು. ಹತ್ತು ನಿಮಿಷ ನೋಡಿದ ಅಮ್ಮ ಹಠಾತ್ತನೆ ಎದ್ದು ನಿಂತು, "ಕೈ ಎತ್ತು ಮಗಾ, ಕೈ ಎತ್ತು" ಎಂದು ಕೂಗಿದರು. ಅದೇ ಹಳೆಯ ಸ್ವರ. ತಗಡಿನ ಮಾಡು ಅದನ್ನು ಎರಡರಷ್ಟು ಮಾಡಿ ವಾಪಸು ಕೊಟ್ಟಿತು. ಹತ್ತೂ ಹುಡುಗಿಯರು ತಿರುಗಿ ನೋಡಿದರು. ನಾನು ಮೆಲ್ಲನೆ ಎರಡು ಕುರ್ಚಿ ಆಚೆ ಸರಿದು ಕೂತೆ. ನಲವತ್ತು ವರ್ಷ ದಾಟಿದ ಮೇಲೂ ಅಮ್ಮನ ಸ್ವರಕ್ಕೆ ನಾಚಿಕೊಂಡೆ ಎಂಬುದನ್ನು ಈಗ ಒಪ್ಪಿಕೊಳ್ಳುತ್ತಿದ್ದೇನೆ.

ಆಟ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬಳು ಮಾತ್ರ ಉಳಿದಳು. ಹಾಲಾ ಎಂಬ ಸುಡಾನಿನ ಹುಡುಗಿ, ತಂಡದಲ್ಲೆಲ್ಲ ಎತ್ತರದವಳು. ಎದುರಾಳಿ ತಪ್ಪಾಗಿ ಮೈಮೇಲೆ ಬಿದ್ದರೆ ಫ್ರೀ ಥ್ರೋ ಕೊಡುತ್ತಾರೆ. ಯಾರೂ ಅಡ್ಡ ಬರುವುದಿಲ್ಲ, ಗೆರೆಯ ಮೇಲೆ ನಿಂತು ಆರಾಮಾಗಿ ಬುಟ್ಟಿಗೆ ಹಾಕಬಹುದು. ಆ ದಿನ ಅವಳಿಗೆ ಆರು ಸಿಕ್ಕಿ ಆರೂ ತಪ್ಪಿದ್ದವು. ಅವಳು ತಪ್ಪುವುದನ್ನೇ ಯಾರೋ ಮೊಬೈಲಿನಲ್ಲಿ ಹಿಡಿದು ಕಾಲೇಜಿಗೆಲ್ಲ ಹಂಚಿದ್ದರು ಎಂದು ಆಮೇಲೆ ತಿಳಿಯಿತು. ಈಗ ಒಬ್ಬಳೇ ಎಸೆಯುತ್ತಿದ್ದಳು, ತಪ್ಪುತ್ತಿದ್ದಳು, ಕಣ್ಣೊರೆಸಿಕೊಂಡು ಮತ್ತೆ ಎಸೆಯುತ್ತಿದ್ದಳು.

"ಭುಜದಲ್ಲಿ ಜೋರುಂಟು, ಮಂಡಿಯಲ್ಲಿ ಹೆದರಿಕೆ ಉಂಟು," ಎಂದರು ಅಮ್ಮ. ನಾನು ಬೇಡ ಬೇಡ ಎನ್ನುತ್ತಿದ್ದಂತೆ ಚಪ್ಪಲಿ ಬಿಚ್ಚಿಟ್ಟು ಅಂಗಣಕ್ಕೆ ಇಳಿದೇಬಿಟ್ಟರು. ಡ್ರಿಲ್ಲಿನ ಇಂಗ್ಲಿಷ್ ಅವರಿಗೆ ಸಾಕಷ್ಟಿತ್ತು. "ಬೋತ್ ಹ್ಯಾಂಡ್ಸ್. ನೀಸ್ ಬೆಂಡ್. ಅಪ್." ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಬಾವಿಕಟ್ಟೆಯಲ್ಲಿ ತುಂಬಿದ ಕೊಡ ಎತ್ತಿ ಕೊಡುವ ಹಾಗೆ ಕೆಳಗಿನಿಂದ ಮೇಲಕ್ಕೆ ಬಿಟ್ಟರು. ಮೊದಲನೆಯದು ತಲುಪಲಿಲ್ಲ. ಎರಡನೆಯದು ಬುಟ್ಟಿಯೊಳಗೆ ಬಿತ್ತು. ಅರುವತ್ತೆರಡರ ಅಮ್ಮ ಸೆರಗು ಸರಿಮಾಡಿಕೊಂಡು, "ನೌ ಯು," ಎಂದರು.

ಲೆಬನಾನಿನ ಕೋಚ್ ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದರು. ಹಾಗೆ ಎಸೆಯುವುದಕ್ಕೆ ನಿಯಮ ಅಡ್ಡಿಯಿಲ್ಲ, ಆದರೆ ನಾಚಿಕೆಗೆ ಯಾರೂ ಎಸೆಯುವುದಿಲ್ಲ, ಇಂಗ್ಲಿಷಿನಲ್ಲಿ ಅದನ್ನು ಅಜ್ಜಿ ಎಸೆತ ಎಂದೇ ಕರೆಯುತ್ತಾರೆ ಎಂದರು. ನಾನು ಅಮ್ಮನಿಗೆ ತಿಳಿಸಿದೆ.

"ಹೆಸರು ಸರಿಯಾಗಿಯೇ ಉಂಟಲ್ಲ," ಎಂದರು ಅಮ್ಮ.

ಅಲ್ಲಿಂದ ಮುಂದೆ ವಾರಕ್ಕೆ ಮೂರು ಸಂಜೆ ಷೆಡ್ಡು. ಮನೆಯಿಂದ ಚಕ್ಕುಲಿ ಡಬ್ಬ ಹೋಗುತ್ತಿತ್ತು. ಹುಡುಗಿಯರು ಅಮ್ಮನನ್ನು "ಮಿಸ್" ಎನ್ನತೊಡಗಿದರು. ಆ ಶಬ್ದ ಕೇಳಿದಾಗ ಅಮ್ಮನ ಬೆನ್ನು ನೆಟ್ಟಗಾಗುತ್ತಿತ್ತು. ನಾನೂ ನಿಯಮ ಕಲಿತೆ. ಲೈಬ್ರರಿಯ ಮೇಜಿನ ಡ್ರಾಯರಿನಲ್ಲಿ ಯಾರಿಗೂ ಕಾಣದಂತೆ ಸ್ಕೋರು ಬರೆದಿಡುವ ಚಟ ಹತ್ತಿತು. ತಂಡ ಮಾತ್ರ ಸೋಲುತ್ತಲೇ ಇತ್ತು. ಹಾಲಾ ಅಭ್ಯಾಸದಲ್ಲಿ ಹತ್ತಕ್ಕೆ ಎಂಟು ಹಾಕುತ್ತಿದ್ದಳು, ಮ್ಯಾಚಿನಲ್ಲಿ ನಾಚಿಕೆಗೆ ಮತ್ತೆ ಮೇಲಿನಿಂದಲೇ ಎಸೆದು ತಪ್ಪುತ್ತಿದ್ದಳು. ಅಮ್ಮ ಬೈಯಲಿಲ್ಲ. "ಅವಳಿಗೇ ಅನ್ನಿಸಬೇಕು," ಎಂದರು.

ಕೊನೆಯ ಮ್ಯಾಚು ಅಬುಧಾಬಿಯಲ್ಲಿ. ಅಮ್ಮ ಊರಿಗೆ ಹೊರಡಲು ಐದು ದಿನ ಉಳಿದಿತ್ತು. ಕಾಲೇಜು ಬಸ್ಸಿನ ಡ್ರೈವರ್ ಸುರತ್ಕಲ್ಲಿನ ಹಮೀದಾಕ. "ಬನ್ನಿ ಟೀಚರೇ, ಮುಂದಿನ ಸೀಟು ನಿಮಗೇ ಇಟ್ಟಿದ್ದೇನೆ," ಎಂದು ಹತ್ತಿಸಿಕೊಂಡರು. ಅಲ್ಲಿಯದು ದೊಡ್ಡ ಅಂಗಣ, ಜನವೂ ತುಂಬ. ಅದು ಹೇಗೋ ನಮ್ಮವರು ಕೊನೆಯವರೆಗೂ ಬೆನ್ನು ಬಿಡದೆ ಆಡಿದರು. ನಾಲ್ಕು ಸೆಕೆಂಡು ಉಳಿದಿರುವಾಗ ಒಂದು ಪಾಯಿಂಟು ಹಿಂದಿದ್ದೆವು. ಹಾಲಾಳನ್ನು ಕೆಡವಿದರು. ಎರಡು ಫ್ರೀ ಥ್ರೋ, ಒಂದೊಂದಕ್ಕೆ ಒಂದು ಪಾಯಿಂಟು.

ಗೆರೆಯ ಮೇಲೆ ನಿಂತವಳು ಅಮ್ಮನ ಕಡೆ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಚೆಂಡನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದಳು. ಇಡೀ ಅಂಗಣ ಘೊಳ್ಳೆಂದು ನಕ್ಕಿತು. ಚೆಂಡು ಬುಟ್ಟಿಯೊಳಗೆ ಬಿತ್ತು. ನಗು ಅರ್ಧವಾಯಿತು. ಎರಡನೆಯ ಎಸೆತದ ಹೊತ್ತಿಗೆ ನಾನು ಹಮೀದಾಕನ ಕೈ ಹಿಡಿದಿದ್ದೆ, ಎಷ್ಟು ಬಿಗಿಯಾಗಿ ಎಂದರೆ ಅವರು, "ಬಿಡಿ ಮಾರಾಯ್ರೆ, ವಾಪಸು ಸ್ಟೇರಿಂಗ್ ಹಿಡಿಯಲಿಕ್ಕುಂಟು," ಎಂದರು. ಅಷ್ಟರಲ್ಲಿ ಅಮ್ಮ ಎದ್ದು ಶಾಲು ಮಡಚತೊಡಗಿದರು. ಚೆಂಡು ಇನ್ನೂ ಗಾಳಿಯಲ್ಲಿತ್ತು.

"ಅಮ್ಮ, ನೋಡಿ," ಎಂದೆ.

"ನೋಡಿದೆ. ಮಂಡಿ ಸರಿಯಾಗಿ ಬಗ್ಗಿತು."

ಚೆಂಡು ರಿಂಗಿನ ಮೇಲೆ ಒಂದು ಸುತ್ತು ಬಂದು ಒಳಗೆ ಬಿತ್ತು. ಎದುರಾಳಿಗಳ ಕೊನೆಯ ಎಸೆತ ಬೋರ್ಡಿಗೂ ತಾಗಲಿಲ್ಲ. ಆ ವರ್ಷ ನಾವು ಗೆದ್ದದ್ದು ಅದೊಂದೇ. ಹುಡುಗಿಯರು ಓಡಿಬಂದು ಅಮ್ಮನನ್ನು ಮುತ್ತಿಕೊಂಡರು. ನಾನು ಆ ಗುಂಪಿನೊಳಗೆ ನುಗ್ಗಿ, "ಇವರು ನನ್ನ ಅಮ್ಮ, ನನ್ನ ಅಮ್ಮ," ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದೆನಂತೆ. ಹಮೀದಾಕ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಊರಿಗೆ ಹೋದ ಅಮ್ಮ ಸುಮ್ಮನೆ ಕೂರಲಿಲ್ಲ. ಅದೇ ಶಾಲೆಗೆ ಹೋಗಿ ಸಂಜೆ ಹೊತ್ತು ಹುಡುಗಿಯರಿಗೆ ಥ್ರೋಬಾಲ್ ಕಲಿಸುತ್ತೇನೆಂದು ತಾವಾಗಿ ಕೇಳಿದರು. ಈಗಲೂ ಕಲಿಸುತ್ತಿದ್ದಾರೆ. ನಾನು ಬೇರೆ ಕೆಲಸಕ್ಕೆ ಸೇರಿದೆ, ಹಾಲಾ ಓದು ಮುಗಿಸಿ ಹೋದಳು. ಆದರೂ ಆ ಷೆಡ್ಡಿನ ಮ್ಯಾಚು ನೋಡುವುದನ್ನು ನಾನು ಒಂದು ಸೀಸನ್ನೂ ತಪ್ಪಿಸಿಲ್ಲ.

ಈರುಳ್ಳಿಯ ಮುಂದೆ ನಿಂತವನನ್ನು ಶೋಭಾ ಬಂದು ಎಚ್ಚರಿಸಿದಳು. "ಎಂತ, ಮತ್ತೆ ಆ ಷೆಡ್ಡಾ?" ಇಷ್ಟು ವರ್ಷ ಸಂಜೆ ಡ್ಯೂಟಿಯಿಂದಾಗಿ ಅವಳು ಒಂದು ಮ್ಯಾಚೂ ನೋಡಿಲ್ಲ. "ಶನಿವಾರ ರಜೆ ಹಾಕುತ್ತೇನೆ. ಎಂತ ಉಂಟು ಅಲ್ಲಿ, ನೋಡಿಯೇಬಿಡುವ," ಎಂದಳು.

ಮೊನ್ನೆ ಶನಿವಾರ ಬಂದಳು. ಮೊದಲ ಹತ್ತು ನಿಮಿಷ ಮೊಬೈಲ್ ನೋಡುತ್ತಿದ್ದಳು. ನಮ್ಮವರು ಎಂದಿನಂತೆ ಹಿಂದೆ ಬಿದ್ದಿದ್ದರು. ಆಮೇಲೆ ಮೊಬೈಲ್ ಚೀಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ನನ್ನ ತೋಳು ಹಿಡಿದು ಸಿಟ್ಟಿನಿಂದ ಕೇಳಿದಳು: "ಆ ಏಳನೇ ನಂಬರಿನ ಹುಡುಗಿ ಆಗಿನಿಂದ ಖಾಲಿ ನಿಂತಿದ್ದಾಳಲ್ಲ, ಅವಳಿಗೆ ಯಾಕೆ ಇವರು ಚೆಂಡು ಕೊಡುವುದಿಲ್ಲ?"

ನಾನು ಮುಂದಿನ ಮ್ಯಾಚು ಯಾವಾಗ ಎಂದು ಗೋಡೆಯ ಪಟ್ಟಿಯಲ್ಲಿ ಹುಡುಕತೊಡಗಿದೆ.