ನಾಲ್ಕು ಬೆರಳು ಗಿಡ್ಡವಾದ ಲಾರಿ

ಹುಸೇನಪ್ಪ ತನ್ನ ಆಯುಷ್ಯದಲ್ಲಿ ಎಷ್ಟು ಟ್ರಾಲಿ ಕಟ್ಟಿದ್ದಾನೆಂಬುದು ಅವನಿಗೇ ನೆನಪಿಲ್ಲ. ಸಿಂಧನೂರಿನಲ್ಲಿ ಗಂಗಾವತಿ ರಸ್ತೆಯ ಒಂದು ಶೆಡ್ಡಿನಲ್ಲಿ ನಲವತ್ತು ವರ್ಷ ವೆಲ್ಡಿಂಗ್ ಮಾಡಿದವನು. ಸುಗ್ಗಿಯ ದಿನಗಳಲ್ಲಿ ಬಳಗಾನೂರಿನ ಕಡೆಯಿಂದ ಭತ್ತ ಹೇರಿಕೊಂಡು ಟ್ರಾಲಿಗಳು ಸಾಲುಹಿಡಿದು ಬರುವಾಗ ಅವನ ಹೆಂಡತಿ ಅಮರಮ್ಮ ಬಸ್ಸಿನ ಕಿಟಕಿಯಲ್ಲಿ ಕೂತೇ ಇದು ನಮ್ಮವರ ಕೈಯದು, ಇದು ಅಲ್ಲ ಎಂದು ಗುರುತು ಹಿಡಿಯುತ್ತಿದ್ದಳು. ಅವನು ಬೆಸೆದ ಗೆರೆ ಅಷ್ಟು ಒಂದೇ ಸಮ ಇರುತ್ತಿತ್ತು. ಅಮರಮ್ಮ ಮಸ್ಕಿಯ ಮನೆಯ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಜಂಪರ್ ಹೊಲಿಯುವವಳು. ಬಟ್ಟೆಯಾದರೇನು, ಕಬ್ಬಿಣವಾದರೇನು, ಎರಡು ತುಂಡು ಒಂದು ಮಾಡಿದವರ ಕೈ ಅವಳಿಗೆ ತಿಳಿಯುತ್ತಿತ್ತು.

ಹೋದ ಚಳಿಗಾಲದಲ್ಲಿ ಹುಸೇನಪ್ಪನ ಎರಡೂ ಕಣ್ಣಿಗೆ ಪೊರೆ ಬಂತು. ಮಗಳು ಯಶೋಧರಾ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನರ್ಸ್. ಅವಳೇ ಓಡಾಡಿ ಆಪರೇಷನ್ ಮಾಡಿಸಿದಳು. ಕಣ್ಣು ಚೆನ್ನಾಗಿಯೇ ಆದವು. ಆದರೆ ಶೆಡ್ಡಿನ ಮಾಲೀಕ, "ಇನ್ನ ಮನ್ಯಾಗ ಆರಾಮ ಇರ್ರಿ ಹುಸೇನಪ್ಪ, ಇದು ಕಣ್ಣಿನ ಕೆಲಸ," ಎಂದು ಶಾಲು ಹೊದಿಸಿ ಕಳಿಸಿದ. ಆ ಶಾಲನ್ನು ಅವನು ಮಡಿಕೆ ಬಿಚ್ಚದೆ ಟ್ರಂಕಿನ ಮೇಲೆ ಒಗೆದ. ಮರುದಿನದಿಂದ ಎರಡು ಕೈ ಎಲ್ಲಿಟ್ಟುಕೊಳ್ಳಬೇಕೆಂಬುದೇ ಅವನಿಗೆ ತಿಳಿಯಲಿಲ್ಲ. ಬಾಗಿಲಿಗೆ ಎಣ್ಣೆ ಬಿಟ್ಟ. ಅಮರಮ್ಮನ ಮಷಿನ್ ಬಿಚ್ಚಿ ಕೂಡಿಸಿದ. ಎರಡನೇ ಸಲ ಬಿಚ್ಚಲು ಬಂದಾಗ ಅವಳು ಅಡ್ಡ ಬಂದಳು.

"ಮಷಿನ್ ಮುಟ್ಟಬ್ಯಾಡ್ರಿ. ನಿಮಗ ಬ್ಯಾರೆ ಏನರ ಬೇಕು."

ಆ ಬೇರೆಯದನ್ನು ತಂದವಳು ಯಶೋಧರಾ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು ಅಪ್ಪನಿಗೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾವುದೋ ದೇಶದಲ್ಲಿ ಒಬ್ಬ ಮುದುಕ ಹೆಂಡತಿ ಮಕ್ಕಳನ್ನು ಜತೆ ಹಾಕಿಕೊಂಡು, ಮನೆಯ ಹಿತ್ತಲಲ್ಲೇ ಎಪ್ಪತ್ತು ವರ್ಷದ ಹಳೆಯ ಲಾರಿಯನ್ನು ಕತ್ತರಿಸಿ, ಗಿಡ್ಡ ಮಾಡಿ, ನೆಲದತ್ತ ತಗ್ಗಿಸಿ, ಬೇರೆ ಎಂಜಿನ್ ಕೂಡಿಸಿ, ಕೆಂಪು ಬಣ್ಣ ಹೊಡೆದು ಓಡಿಸುತ್ತಿದ್ದ.

"ಇಂಥಾದಕ್ಕ ಹಾಟ್ ರಾಡ್ ಅಂತಾರಪ್ಪಾ."

"ಏನರ ಅನ್ನಲಿ. ಇದರ ಮೂತಿ ನೋಡಿದೀ? ಮುಕ್ಕುಂದದ ಸೂಗಪ್ಪನ ಹೊಲದಾಗ, ಬೇವಿನ ಗಿಡದ ಬುಡಕ ಇಂಥಾದ ಒಂದು ಕುಂತೈತಿ."

"ಕೋಳಿ ತತ್ತಿ ಇಡ್ತಾವಲ್ಲ, ಅದಾ?" ಎಂದಳು ಅಮರಮ್ಮ.

"ಅದ. ಕಾಲುವಿ ತೋಡುವಾಗ ಕಲ್ಲು ಹೊತ್ತದ್ದು."

"ಹೊತ್ತು ಹೊತ್ತು ಸಾಕಾಗಿ ಕುಂತೈತಿ ಪಾಪ. ಅದನ್ಯಾಕ ಎಬ್ಬಸ್ತೀರಿ?"

ಹುಸೇನಪ್ಪ ವಿಡಿಯೊ ಇನ್ನೊಮ್ಮೆ ಹಚ್ಚು ಎಂದು ಮಗಳಿಗೆ ಹೇಳಿದ.

ಸೂಗಪ್ಪನ ಮನೆಯ ಟ್ರಾಲಿಗಳೆಲ್ಲ ಹುಸೇನಪ್ಪನೇ ಕಟ್ಟಿದವು. ಅವನು ಲಾರಿ ಕೇಳಿದ್ದೇ ತಡ, ಸೂಗಪ್ಪ ನಕ್ಕು, "ಕೋಳಿಗೆ ಬ್ಯಾರೆ ಮನಿ ಮಾಡಿಕೊಟ್ಟು ಒಯ್ಯಪಾ," ಎಂದ. ಹುಸೇನಪ್ಪ ನಾಲ್ಕು ದಿನ ಕೂತು ಕಬ್ಬಿಣದ ಕೋಳಿಗೂಡು ಮಾಡಿಕೊಟ್ಟ. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ಸೂಗಪ್ಪನ ಎಮ್ಮೆಯನ್ನೂ ಅದರಲ್ಲಿ ಕಟ್ಟಬಹುದಿತ್ತು. ಲಾರಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದವನು ಶಾಕೀರ್. ಅವನು ಸಿಂಧನೂರಿನ ಎಂಜಿನ್ ಮಿಸ್ತ್ರಿ, ಹುಸೇನಪ್ಪನ ಕೈಕೆಳಗೆ ಅದೇ ಶೆಡ್ಡಿನಲ್ಲಿ ಪಳಗಿದವನು. ಮುರುಕಲು ಜೀಪಿನದೊಂದು ಎಂಜಿನ್ನನ್ನೂ ಅವನೇ ಹುಡುಕಿ ತಂದ.

ಮನೆಯ ಮುಂದಿನ ಬಯಲಿನಲ್ಲಿ ಕೆಲಸ ಶುರುವಾಯಿತು. ಭಾನುವಾರ ಬಂದರೆ ಯಶೋಧರಾ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ತುಕ್ಕು ಹಿಡಿದ ತಗಡನ್ನು ಉಸುಕಿನ ಕಾಗದದಿಂದ ತಿಕ್ಕುತ್ತಿದ್ದಳು. ಅಮರಮ್ಮ ಸೀಟಿಗೆ ಹಳೆಯ ತಾಡಪತ್ರಿ ಹೊಲಿದಳು. ಮೂರು ಸೂಜಿ ಮುರಿದವು. ಆಪರೇಷನ್ ಆದಾಗಿನಿಂದ ಸೂಜಿಗೆ ದಾರ ಪೋಣಿಸುವುದು ಹುಸೇನಪ್ಪನ ಜಂಬದ ಕೆಲಸವಾಗಿತ್ತು. ಕೂಗಿದರೆ ಸಾಕು, ಕೈ ಒರೆಸಿಕೊಂಡು ಓಡಿ ಬಂದು, ಒಂದೇ ಸಲಕ್ಕೆ ಪೋಣಿಸಿ, ಅವಳ ಮುಖ ನೋಡಿ ಹೋಗುತ್ತಿದ್ದ. "ರಸ್ತೆಗೆ ಒಯ್ಯೋಹಂಗಿಲ್ಲಪ್ಪಾ, ಕಾಗದ ಪತ್ರ ಇಲ್ಲ," ಎಂದು ಮಗಳು ಹೇಳಿದರೆ, "ರಸ್ತಿ ಯಾರಿಗೆ ಬೇಕು, ಬಯಲು ಇಷ್ಟಗಲ ಐತಿ," ಎನ್ನುತ್ತಿದ್ದ.

ಹುಸೇನಪ್ಪ ಟೇಪು ಹಿಡಿದವನಲ್ಲ. ಅವನ ಉಸ್ತಾದರು ಕಲಿಸಿದ್ದು ಹುರಿಯ ಲೆಕ್ಕ. ಒಂದೊಂದು ಗಾಡಿಗೆ ಒಂದೊಂದು ಹೊಸ ನೂಲಿನ ಹುರಿ. ಮುಂದಿನ ಗಾಲಿಯ ನಡುವಿಗೆ ಒಂದು ಗಂಟು, ಬಾಗಿಲ ಅಂಚಿಗೆ ಒಂದು, ಹಿಂದಿನ ಗಾಲಿಗೆ ಒಂದು. ಕೆಲಸ ಮುಗಿದ ಮೇಲೆ ಆ ಹುರಿಯನ್ನು ಅದೇ ಗಾಡಿಯ ಅಡಿಯಲ್ಲಿ ಕಟ್ಟಿ ಕಳಿಸುವುದು ರೂಢಿ. ಒಂದು ಗಾಡಿಯ ಅಳತೆ ಇನ್ನೊಂದಕ್ಕೆ ಬಳಸಬಾರದು. ಈ ಲಾರಿಗೂ, ಗಿಡ್ಡ ಮಾಡಿದ ಮೇಲೆ ಏನೇನು ಎಲ್ಲಿ ಬರಬೇಕೆಂದು ಲೆಕ್ಕ ಹಾಕಿ, ಹಾಗೆಯೇ ಗಂಟು ಹಾಕಿದ. ಆ ಗಂಟುಗಳ ಪ್ರಕಾರ ಸಾಮಾನು ಹೇರುವ ಹಿಂದಿನ ತೊಟ್ಟಿಯನ್ನು, ಗಾಲಿಯ ಮೇಲಿನ ಮಡ್‌ಗಾರ್ಡನ್ನು ಮೊದಲು ಕಟ್ಟಿ ಮುಗಿಸಿದ. ಇದೆಲ್ಲವನ್ನೂ ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ಚಾಸಿ, ಅದನ್ನು ಕತ್ತರಿಸಿ ಗಿಡ್ಡ ಮಾಡುವ ಕೆಲಸ ಉಳಿಯಿತು. ಹುರಿ ಗೋಡೆಯ ಗೂಟಕ್ಕೆ ತೂಗಿತು.

ಇಷ್ಟು ವರ್ಷ ಆ ಹುರಿಗಳು ಸಿಂಧನೂರಿನ ಶೆಡ್ಡಿನಲ್ಲಿರುತ್ತಿದ್ದವು. ಅಮರಮ್ಮನ ಕಣ್ಣಿಗೆ ಬಿದ್ದಿರಲಿಲ್ಲ. ಬಾಬಾಸಾಹೇಬರ ಜಯಂತಿಗೆ ಮೂರು ದಿನ ಇರುವಾಗ ಅವಳು ಮನೆಗೆ ಸುಣ್ಣ ಬಳಿದಳು. ಗೂಟದಲ್ಲಿದ್ದ ಎಣ್ಣೆ ಅರಿವೆಗಳನ್ನೆಲ್ಲ ಸೋಡಾ ಹಾಕಿ ಕುದಿಸಿದಳು. ಅವುಗಳ ನಡುವೆ ಜಿಡ್ಡು ಹಿಡಿದ ಹುರಿಯೂ ಇತ್ತು. ಅದನ್ನೂ ಕುದಿಸಿ, ಒಣಗಿಸಿ, ಗಂಟು ಬಿಚ್ಚದಂತೆ ಜೋಪಾನವಾಗಿ ಮತ್ತೆ ಗೂಟಕ್ಕೆ ಹಾಕಿದಳು.

ಜಯಂತಿ ಮುಗಿದ ಮಾರನೇ ದಿನ ಹುಸೇನಪ್ಪ ಹುರಿ ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದ.

"ಕಣ್ಣು ಮಾಡಿಸಿದ ಮ್ಯಾಲ ಎಲ್ಲಾ ಬೆಳ್ಳಗ ಕಾಣಾಕತ್ತೈತಿ ನೋಡು," ಎಂದು ಖುಷಿಪಟ್ಟ. ಆ ಹುರಿಯ ಅಳತೆಗೆ ಚಾಸಿ ಕತ್ತರಿಸಿ ಬೆಸೆದ.

ಮುಂದಿನ ವಾರ ಶಾಕೀರ್ ಬಂದ. ತೊಟ್ಟಿಯನ್ನು ಎತ್ತಿ ಚಾಸಿಯ ಮೇಲೆ ಇಳಿಸಿದರು. ಹುಸೇನಪ್ಪ ಹಿಂದಿನ ಗಾಲಿಯನ್ನು ಕೈಯಿಂದ ತಿರುವಿದ. ಗಾಲಿ ಮಡ್‌ಗಾರ್ಡಿಗೆ ಕರ್ರೆಂದು ಉಜ್ಜಿ ನಿಂತುಬಿಟ್ಟಿತು. ಚಾಸಿ ನಾಲ್ಕು ಬೆರಳು ಗಿಡ್ಡವಾಗಿತ್ತು. ಹುರಿ ಹಿಡಿದು ನೋಡಿದ. ಚಾಸಿ ಹುರಿಗೆ ಸರಿಯಾಗಿಯೇ ಇತ್ತು. ತೊಟ್ಟಿಗೆ ಹಿಡಿದು ನೋಡಿದ. ತೊಟ್ಟಿ ಹುರಿಗೆ ಹೊಂದಲಿಲ್ಲ. ತಾನೇ ಅದೇ ಹುರಿಯಿಂದ ಅಳೆದು ಕಟ್ಟಿದ ತೊಟ್ಟಿ ಅದು. ಮೂರು ಸಲ ನೋಡಿ, ಹುರಿಯನ್ನು ಕೆಳಗಿಟ್ಟ.

"ಮಾಲೀಕ ಖರೇನ ಹೇಳಿದ್ದ," ಎಂದ ಮೆಲ್ಲಗೆ.

"ಉಸ್ತಾದ್, ನಾಲ್ಕು ಬೆರಳಿನ ಮಾತು. ನಾಳೆ ಮಾಡಿದ್ರಾತು," ಎಂದ ಶಾಕೀರ್.

"ಎಲ್ಲಿ ತಪ್ಪಿದೆ ಅಂತ ಗೊತ್ತಿದ್ರ ನಾಳೆ ಮಾಡಬಹುದು. ಗೊತ್ತಿಲ್ಲದ ಕೈ ಕಬ್ಬಿಣ ಮುಟ್ಟಬಾರದು. ಬರೋ ಭಾನುವಾರ ಗುಜರಿಯವನ ಗಾಡಿ ಕರಕೊಂಡು ಬಾ. ಇದನ್ನ ಒಯ್ಯಲಿ. ಮಷಿನ್ ನೀ ಒಯ್ಯಿ."

ಅವನು ಮಷಿನ್ ಎಂದದ್ದು ವೆಲ್ಡಿಂಗ್ ಮಷಿನ್ನಿಗೆ. ಅಮರಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಹೊತ್ತು ಮುಳುಗುವ ಮುಂಚೆ ಸೂಜಿಗೆ ದಾರ ಬೇಕೆಂದು ಕೂಗಿದಾಗ ಅವನು ಎದ್ದು ಬರಲಿಲ್ಲ.

"ನೀನ ಪೋಣಿಸಿಕೋ," ಎಂದ.

ಆ ವಾರ ಅವನು ಬಯಲಿನ ಕಡೆ ಬೆನ್ನು ಮಾಡಿ ಕೂತ. ಚಹಾದ ಬಟ್ಟಲು ಅವನ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಮೊದಲೂ ನಡುಗುತ್ತಿತ್ತೋ, ಈಗ ಶುರುವಾಯಿತೋ ಅಮರಮ್ಮನಿಗೆ ಗೊತ್ತಾಗಲಿಲ್ಲ. ಲಾರಿ ಹೋದರೆ ಹೋಗಲಿ. ಈ ಮನುಷ್ಯ ತನ್ನ ಕೈಯ ಮೇಲಿನ ಭರವಸೆ ಕಳೆದುಕೊಂಡು ಉಳಿದ ಆಯುಷ್ಯವೆಲ್ಲ ಹೀಗೆ ಕೂತುಬಿಟ್ಟರೆ ಏನು ಮಾಡುವುದೆಂಬುದೇ ಅವಳ ಚಿಂತೆಯಾಯಿತು.

ಶುಕ್ರವಾರ ಪಕ್ಕದ ಓಣಿಯ ರೇಣುಕಮ್ಮ ಜಂಪರ್ ಬಟ್ಟೆ ತಂದಳು.

"ಲೈನಿಂಗ್ ನೀರಾಗ ಹಾಕಿ ತಂದೀಯೇನವಾ?"

"ಇಲ್ಲಕ್ಕಾ, ಸೋಮವಾರ ಮದುವಿ ಐತಿ. ಹಂಗ ಹೊಲಿ."

"ಹಂಗ ಹೊಲಿದ್ರ ಒಗದ ಮ್ಯಾಲ ಎಳಕೊಂಡು ಮ್ಯಾಲೇರ್ತೈತಿ. ಆಮ್ಯಾಲ ಅಮರಮ್ಮನ ಕೈ ಕೆಟ್ಟೈತಿ ಅಂತೀ."

ಹೇಳುತ್ತಿದ್ದಂತೆ ಅವಳ ಕತ್ತರಿ ನಿಂತಿತು. ರೇಣುಕಮ್ಮ ಇನ್ನೂ ಏನೋ ಹೇಳುತ್ತಿದ್ದಳು. ಅಮರಮ್ಮ ಬಟ್ಟೆಯನ್ನು ಅವಳ ಮಡಿಲಿಗೆ ಹಾಕಿ, "ಮಧ್ಯಾಹ್ನ ಬಾರವಾ," ಎಂದು ಎದ್ದು ಗೋಡೆಯ ಹತ್ತಿರ ಹೋದಳು. ಗೂಟದಲ್ಲಿ ಹುರಿ ಮಲ್ಲಿಗೆಯಷ್ಟು ಬೆಳ್ಳಗೆ ತೂಗುತ್ತಿತ್ತು. ಮೂವತ್ತು ವರ್ಷದಿಂದ ಬಂದವರಿಗೆಲ್ಲ ಹೇಳುವ ಬುದ್ಧಿ, ತನ್ನ ಮನೆಯ ಗೂಟದಲ್ಲಿದ್ದ ನೂಲನ್ನು ಕುದಿಸುವಾಗ ಅವಳಿಗೇ ಹೊಳೆದಿರಲಿಲ್ಲ.

ಗಂಡನ ಮುಂದೆ ಹೋಗಿ ನಿಂತಳು. ಸಿಟ್ಟು ಬಂದರೆ ಬರಲಿ ಎಂದು, ತಾನು ಹುರಿ ಕುದಿಸಿದ್ದು, ಅದು ಕುಗ್ಗಿರಬೇಕೆಂಬುದು, ಎಲ್ಲ ಹೇಳಿಬಿಟ್ಟಳು. ಹುಸೇನಪ್ಪನಿಗೆ ಸಿಟ್ಟು ಬರಲಿಲ್ಲ. ಅದಕ್ಕಿಂತ ಕಷ್ಟದ್ದು ಬಂತು. ಅವನು ನಂಬಲಿಲ್ಲ.

"ನನ್ನ ಸಮಾಧಾನಕ್ಕ ಕತಿ ಕಟ್ಟಬ್ಯಾಡ ಅಮರಿ. ನೀ ಒಗದಿದ್ರ ನನಗ ತಿಳೀತಿರಲಿಲ್ಲೇನು?"

"ಬೆಳ್ಳಗ ಕಾಣಾಕತ್ತೈತಿ ಅಂತ ನೀವ ಅಂದ್ರಲ್ಲ."

"ಎಲ್ಲಾನೂ ಬೆಳ್ಳಗ ಕಾಣ್ತೈತಿ. ನಿನ್ನ ತಲಿ ಕೂದಲೂ ಬೆಳ್ಳಗ ಕಾಣ್ತೈತಿ."

"ಅದು ಖರೇನ ಬೆಳ್ಳಗಾಗೈತಿ."

ಅವನು ನಗಲಿಲ್ಲ. ನೀನು ಒಳ್ಳೆಯವಳು, ಹೋಗು ಎನ್ನುವಂತೆ ತಲೆ ಆಡಿಸಿದ. ಅಮರಮ್ಮನಿಗೆ ಅಳು ಬರುವಂತಾಯಿತು. ತಪ್ಪು ಮಾಡಿದವಳು ತಾನು ಎಂದು ಒಪ್ಪಿಕೊಂಡರೂ ತಪ್ಪು ಅವನ ಹೆಗಲಿನಿಂದ ಇಳಿಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಶಾಕೀರ್ ಗುಜರಿಯವನ ಗಾಡಿಯೊಂದಿಗೆ ಬಂದ. ಅಮರಮ್ಮ ಎದುರು ಹೋಗಿ ನಿಂತಳು.

"ಗಾಡಿ ಬೇಲಿ ಹೊರಗ ನಿಲ್ಲಲಿ. ಶಾಕೀರ್, ನೀ ಕುಂದ್ರು, ಚಾ ಕುಡಿ."

"ಚಾಕ್ಕ ಎಷ್ಟೊತ್ತು ವೈನಿ?"

"ಒಂದು ತಾಸು."

"ಒಂದು ತಾಸಿನ ಚಾ ನಾ ಕುಡದೇ ಇಲ್ಲ," ಎಂದು ಶಾಕೀರ್ ಕಟ್ಟೆಯ ಮೇಲೆ ಕೂತ.

ಅವಳು ಹುಸೇನಪ್ಪನ ಚೀಲದಿಂದ ಅದೇ ನೂಲಿನ ಉಂಡೆ ತೆಗೆದಳು. ಯಶೋಧರಾ ಚಾಸಿಯ ಒಂದು ತುದಿಯಲ್ಲಿ ಹಿಡಿದಳು, ಅಮರಮ್ಮ ಇನ್ನೊಂದು ತುದಿಯಲ್ಲಿ. ಒಂದೇ ಉದ್ದದ ಎರಡು ಹುರಿ ಕತ್ತರಿಸಿದರು. ಎರಡನ್ನೂ ಗಂಡನ ತೊಡೆಯ ಮೇಲೆ ಇಟ್ಟು, "ಗಂಟು ಹಾಕ್ರಿ," ಎಂದಳು.

"ಯಾಕ?"

"ಹಾಕ್ರಿ ಅಂದೆ. ಎರಡೂ ಸಮ ಇರಬೇಕು. ನಾ ಹಾಕಿದ್ರ ಮತ್ತ ಕತಿ ಅಂತೀರಿ."

ಹುಸೇನಪ್ಪ ಮಗಳ ಮುಖ ನೋಡಿದ, ಶಾಕೀರನ ಮುಖ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ. ಎರಡೂ ಹುರಿಯನ್ನು ಜೋಡಿಸಿ ಹಿಡಿದು ಗಂಟು ಹಾಕಿದ. ಮಗಳು ಅವುಗಳನ್ನು ಎತ್ತಿ ಹಿಡಿದಾಗ ಗಂಟಿಗೆ ಗಂಟು ಸರಿಯಾಗಿ ಕೂತಿತ್ತು. ಅಮರಮ್ಮ ಒಂದನ್ನು ಒಳಗೆ ಒಯ್ಯದೆ, ಅವನ ಕಣ್ಣೆದುರೇ ಕಲ್ಲೊಲೆ ಹೂಡಿ, ಕುದಿಯುವ ಸೋಡಾ ನೀರಿನಲ್ಲಿ ಹಾಕಿದಳು. ಆಮೇಲೆ ಹಿಂಡಿ, ಲಾರಿಯ ಬಾನೆಟ್ಟಿನ ಮೇಲೆ ಹಾಸಿದಳು. ಮಸ್ಕಿಯ ಏಪ್ರಿಲ್ ಬಿಸಿಲು. ಶಾಕೀರ್ ಎರಡನೇ ಬಟ್ಟಲು ಚಹಾ ಮುಗಿಸುವುದರಲ್ಲಿ ಹುರಿ ಗರಿಗರಿಯಾಗಿ ಒಣಗಿತು.

"ಈಗ ನೋಡ್ರಿ."

ಹುಸೇನಪ್ಪ ಎದ್ದು ಬಂದ. ಎರಡೂ ಹುರಿಯ ಮೊದಲ ಗಂಟನ್ನು ಒಂದೇ ಮೊಳೆಗೆ ಸಿಗಿಸಿ ಬಿಗಿಯಾಗಿ ಎಳೆದ. ಕೊನೆಯ ಗಂಟುಗಳು ಕೂಡಲಿಲ್ಲ. ನಡುವಿನ ಖಾಲಿ ಜಾಗದಲ್ಲಿ ತನ್ನ ಎಡಗೈ ಬೆರಳುಗಳನ್ನು ಒಂದೊಂದಾಗಿ ಇಟ್ಟ. ನಾಲ್ಕನೆಯ ಬೆರಳಿಗೆ ಜಾಗ ತುಂಬಿತು. ಬೆರಳು ತೆಗೆಯದೆ ತೊಟ್ಟಿಯ ಕಡೆ ನೋಡಿದ.

"ಅಂದ್ರ ಅವತ್ತು ಗಂಟು ಸರಿ ಇದ್ವು."

"ಸರಿ ಇದ್ವು," ಎಂದಳು ಅಮರಮ್ಮ.

"ತೊಟ್ಟಿನೂ ಸರಿ ಐತಿ."

"ಐತಿ."

ಶಾಕೀರ್ ಕಟ್ಟೆಯಿಂದ ಇಳಿದು ಬಂದ. "ಉಸ್ತಾದ್, ಇಪ್ಪತ್ತೈದು ವರ್ಷ ನಿಮ್ಮ ಕೆಲಸದಾಗ ಒಂದು ತಪ್ಪು ಹುಡುಕಾಕತ್ತಿದ್ದೆ. ಅಂತೂ ಸಿಕ್ತು ಅಂತ ಒಳಗ ಖುಷಿ ಆಗಿತ್ತು. ವೈನಿ ಅದನ್ನೂ ಕಸಗೊಂಡ್ರು."

ಹುಸೇನಪ್ಪ ಹೆಂಡತಿಯ ಕಡೆ ತಿರುಗಿದ. "ಯಾಕ ಕುದಿಸಿದಿ ಮಾರಾಯ್ತಿ?"

"ಹೊಲಸಾಗಿತ್ತು."

"ಹೊಲಸಾಗಿತ್ತಂತ," ಎಂದು ಅವನು ಯಾರಿಗೋ ಸಾಕ್ಷಿ ಹೇಳುವವನಂತೆ ಲಾರಿಯ ಮೂತಿಗೆ ಹೇಳಿದ. ತುಟಿಯ ಒಂದು ಮೂಲೆ ಅಲುಗಿತು.

"ಬೈಯೋದಿದ್ರ ಬೈರಿ."

"ಬೈತೀನಿ, ಪುರುಸೊತ್ತು ಆದಾಗ. ಈಗ ಕೆಲಸ ಐತಿ."

ಗುಜರಿಯ ಗಾಡಿ ಖಾಲಿಯಾಗಿ ತಿರುಗಿ ಹೋಯಿತು. ಶಾಕೀರ್ ಮತ್ತು ಯಶೋಧರಾ ಸೇರಿ ತೊಟ್ಟಿಯನ್ನು ಇಳಿಸಿ ಚಾಸಿಗೆ ಎರಡೂ ಕಡೆ ಜಾಕ್ ಕೊಟ್ಟರು. ಹುಸೇನಪ್ಪ ಬೆಸೆದ ಜಾಗದಲ್ಲೇ ಚಾಸಿ ಬಿಡಿಸಿದ. ನಾಲ್ಕು ಬೆರಳಗಲದ ದಪ್ಪ ತುಂಡು ಕತ್ತರಿಸಿ, ನಡುವೆ ಕೂಡಿಸಿ, ಮಗ್ಗುಲಿಗೆ ಉದ್ದನೆಯ ಪಟ್ಟಿ ಇಟ್ಟ. ಆಮೇಲೆ ಎರಡು ವಾರದಿಂದ ಮುಟ್ಟದೆ ಇದ್ದ ಮುಖದ ಮಾಸ್ಕನ್ನು ಎಳೆದುಕೊಂಡು ಮಂಡಿಯೂರಿದ.

ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದೆಂದು ಮದುವೆಯಾದ ಹೊಸತರಲ್ಲೇ ಅವನು ಅವಳಿಗೆ ಹೇಳಿಕೊಟ್ಟಿದ್ದ. ಅಮರಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಳು. ಸುಣ್ಣ ಬಳಿದ ಗೋಡೆಯ ಮೇಲೆ ನೀಲಿ ಬೆಳಕು ಬಂದು ಕೂತಿತು. ಬೆನ್ನ ಹಿಂದೆ ಎಣ್ಣೆಯಲ್ಲಿ ಬಜ್ಜಿ ಬಿಟ್ಟಂಥ ಸದ್ದು ಶುರುವಾಯಿತು. ಕೈ ಅಲುಗಿದರೆ ಆ ಸದ್ದು ಚಿಟಿಲ್ ಎಂದು ಕಡಿಯುತ್ತದೆ, ಬೆಳಕು ಹಾರುತ್ತದೆ ಎಂಬುದು ಅವಳಿಗೆ ಗೊತ್ತು. ಉಸಿರು ಹಿಡಿದು ಕೇಳಿದಳು. ಸದ್ದು ಆ ತುದಿಯಿಂದ ಹೊರಟು, ನಿಧಾನಕ್ಕೆ, ಎಲ್ಲಿಯೂ ಕಡಿಯದೆ, ಈ ತುದಿಯವರೆಗೆ ಬಂದು ನಿಂತಿತು.

ಅವಳು ತಿರುಗಿ ನೋಡಿದಾಗ ಅವನು ಮಾಸ್ಕ್ ಮೇಲೆತ್ತಿ, ಹೊಗೆ ಆರುವ ಮೊದಲೇ ಮಗಳ ಕಡೆ ಕೈ ಚಾಚಿದ್ದ.

"ಇನ್ನೊಂದು ರಾಡ್ ಕೊಡವಾ," ಎಂದ. "ಆ ಮಗ್ಗುಲು ಉಳದೈತಿ."